ಗಂಟು ಏನನ್ನುತ್ತೆ?

ಮೂರು ವಿಮಾನ ಬದಲಿಸಿ, ಭೂಮಿಯ ಆ ಮಗ್ಗುಲಿಂದ ಈ ಮಗ್ಗುಲಿಗೆ ಬಂದು ಬಿದ್ದ ಉಡದಕ್ಕ ಮನೆಯ ಬಾಗಿಲಲ್ಲಿ ನಿಂತು ಮಾಡಿದ ಮೊದಲ ಕೆಲಸವೆಂದರೆ ತನ್ನ ಕಾಲುಗಳನ್ನು ಬಯ್ದದ್ದು. ಬಯ್ಯದೆ ಇನ್ನೇನು ಮಾಡಬೇಕು ಹೇಳಿ? ಹೋಗುವಾಗ ಕಡ್ಡಿಯ ಹಾಗಿದ್ದ ಪಾದಗಳು ಬರುವಾಗ ಊದಿಕೊಂಡು ದಿಂಬಾಗಿದ್ದವು. ಬೂಟಿನ ದಾರ ಬಿಚ್ಚಲಾಗದೆ ಗಂಡ ಕತ್ತರಿ ಹಾಕಬೇಕಾಯಿತು. ಗಂಡ ದರ್ಜಿ, ಕತ್ತರಿ ಸದಾ ಅವನ ಕೈಯಲ್ಲೇ ಇರುತ್ತದೆ ಅನ್ನುವುದು ಬೇರೆ ಮಾತು.

ಉಡದಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಊರ ಹಿಂದಿನ ಬೆಟ್ಟದಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಗುಂಪಿನವರು ಇಟ್ಟದ್ದು. ಬಂಡೆ ಹಿಡಿದಳೆಂದರೆ ಬಿಡುವವಳಲ್ಲ, ಮಾತು ಹಿಡಿದರಂತೂ ಕೇಳಲೇಬೇಡಿ. ಹೊಟ್ಟೆಪಾಡಿಗೆ ಅಚ್ಚಿನ ಯಂತ್ರಗಳ ಮೆಕ್ಯಾನಿಕ್. ಕಂಪನಿಯವರು ದೂರದೇಶಕ್ಕೆ ಮಾರಿದ ಯಂತ್ರವೊಂದನ್ನು ಜೋಡಿಸಿ ಬಾ ಎಂದು ಕಳಿಸಿದ್ದರು. ಒಂದು ತಿಂಗಳ ಕೆಲಸ ಎಂದದ್ದು ಎಳೆದೂ ಎಳೆದೂ ಇಡೀ ಮಳೆಗಾಲವನ್ನು ನುಂಗಿಹಾಕಿತು.

"ಒಂದು ವಿಷಯ ಇದೆ," ಎಂದ ಗಂಡ, ಕತ್ತರಿಸಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ಹೇಳಿದರೆ ಕೂಗಾಡಬಾರದು."

"ಕೂಗಾಡೋ ವಿಷಯ ಅಲ್ಲದಿದ್ದರೆ ಯಾಕೆ ಕೂಗಾಡಲಿ? ಹೇಳಿ."

ಕೂಗಾಡುವ ವಿಷಯವೇ ಆಗಿತ್ತು. ಅವಳಿಲ್ಲದಾಗ ಗುಂಪಿನವರು ಸಭೆ ಸೇರಿ ಒಂದು ತೀರ್ಮಾನ ಮಾಡಿದ್ದರು. ಐವತ್ತೈದು ದಾಟಿದವರು ಇನ್ನು ಮೇಲೆ ಹಗ್ಗದ ಮುಂದೆ ಹೋಗುವಂತಿಲ್ಲ. ಬೇಕಾದರೆ ಬೆಟ್ಟದ ಹಿಂಬದಿಯ ಮೆಟ್ಟಿಲು ಹತ್ತಿ ಹೋಗಿ, ಬಂಡೆ ಹತ್ತಿ ಬಂದವರಿಗೆ ಮೇಲೆ ಟೀ ಕಾಯಿಸಿಡಬಹುದು.

"ಐವತ್ತೈದು ದಾಟಿದವರು ಗುಂಪಿನಲ್ಲಿ ಯಾರ್ಯಾರಿದ್ದಾರೆ?"

ಗಂಡ ಗೋಡೆ ನೋಡಿದ. "ನೀನೊಬ್ಬಳೇ."

ಹಗ್ಗದ ಮುಂದೆ ಹೋಗುವುದು ಎಂದರೆ ಏನೆಂದು ತಿಳಿಯದವರಿಗೆ ಇದು ಸಣ್ಣ ಮಾತು. ಮುಂದೆ ಹೋಗುವವರಿಗೆ ಮೇಲಿನಿಂದ ಹಿಡಿಯುವ ಹಗ್ಗವಿಲ್ಲ. ಬಂಡೆಗೆ ಬಡಿದ, ಹಗ್ಗ ಸಿಕ್ಕಿಸುವ ಕಬ್ಬಿಣದ ಬಳೆ ಸಿಗುವವರೆಗೆ ಅವರ ಪ್ರಾಣ ಅವರ ಬೆರಳಲ್ಲಿ. ಹಿಂದೆ ಬರುವವರು ಕೈಬಿಟ್ಟರೆ ಜೋತಾಡುತ್ತಾರೆ, ಮುಂದಿನವರು ಕೈಬಿಟ್ಟರೆ ಬೀಳುತ್ತಾರೆ. ಮಳೆಗಾಲ ಮುಗಿದ ಮೇಲಿನ ಮೊದಲ ಹತ್ತುವಿಕೆಯಲ್ಲಿ ಆ ಮುಂದಿನ ಜಾಗ ವರ್ಷ ವರ್ಷವೂ ಉಡದಕ್ಕನದು. ಅದನ್ನು ಕಿತ್ತುಕೊಂಡು ಕೈಗೆ ಟೀ ಪಾತ್ರೆ ಕೊಡುತ್ತಾರಂತೆ!

ಊದಿದ ಕಾಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡೇ ಅವಳು ಗುಂಪಿನ ಕಾರ್ಯದರ್ಶಿಗೆ ಫೋನು ಹಚ್ಚಿದಳು. ಕಾರ್ಯದರ್ಶಿ ಎಂದರೆ ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವನು. ಬೆಣ್ಣೆಯಂಥ ಮಾತು.

"ನಿಮ್ಮ ಒಳ್ಳೇದಕ್ಕೇ ಅಕ್ಕ. ನಿಮ್ಮ ಮೇಲಿನ ಗೌರವಕ್ಕೇ."

"ನಿನ್ನ ಗೌರವ ನಿನ್ನ ಅಂಗಡೀಲಿಟ್ಟುಕೋ. ಯಾವತ್ತಾದರೂ ಬಿದ್ದಿದ್ದೀನಾ?"

"ಬಿದ್ದ ಮೇಲೆ ಮಾತಾಡಿ ಏನು ಪ್ರಯೋಜನ? ಆಯಿತು, ಒಂದು ಕೆಲಸ ಮಾಡೋಣ. ಈ ಭಾನುವಾರ ಮೊದಲ ಹತ್ತುವಿಕೆ ಇದೆ. ನೀವೇ ಮುಂದೆ ಹೋಗಿ ತೋರಿಸಿಬಿಡಿ, ತೀರ್ಮಾನ ವಾಪಸ್ ತಗೋತೀವಿ. ಆಗದಿದ್ದರೆ ಮೆಟ್ಟಿಲ ದಾರಿ. ಮತ್ತೆ ಆ ಮಾತು ಎತ್ತಬಾರದು."

ಅವಳು ಈಗ ತಾನೇ ವಿಮಾನ ಇಳಿದಿದ್ದಾಳೆ, ಭಾನುವಾರ ಕಣ್ಣೆದುರೇ ಇದೆ ಅನ್ನುವುದು ಆ ಪುಣ್ಯಾತ್ಮನಿಗೆ ಗೊತ್ತಿಲ್ಲವೇ? ಚೆನ್ನಾಗೇ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ. ಉಡದಕ್ಕನಿಗೂ ಅದು ಗೊತ್ತಾಯಿತು. ಆದರೂ "ಆಗಲಿ" ಎಂದು ಫೋನಿಟ್ಟಳು.

ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. ಮುದುಕಿಗೆ ಮೊಣಕಾಲು ಹೋಗಿ ವರ್ಷಗಳಾಗಿದ್ದವು, ಕಿವಿ ಮಾತ್ರ ಗಟ್ಟಿಮುಟ್ಟಾಗಿತ್ತು. ಆ ಕಿಟಕಿಯಿಂದ ಬಂಡೆ ಪೂರ್ತಿ ಕಾಣುತ್ತದೆ, ಬಂಡೆಯ ನಡುವೆ ಮುಂದಕ್ಕೆ ಉಬ್ಬಿಕೊಂಡಿರುವ ಹೊಟ್ಟೆಯೂ ಕಾಣುತ್ತದೆ.

"ಒಳ್ಳೇದಕ್ಕೇ ಅಂದನಾ?" ಎಂದಳು ಅತ್ತೆ. "ನನ್ನ ಕಾಲು ಹೋದಾಗ ಈ ಮನೆಯವರೂ ಹಾಗೇ ಅಂದರು. ಒಳ್ಳೇದಕ್ಕೇ ಅಂತ ಒಲೆ ಮುಂದಿಂದ ಎಬ್ಬಿಸಿದರು. ಒಳ್ಳೇದಕ್ಕೇ ಅಂತ ನಮ್ಮ ಹೊಲಿಗೆ ಅಂಗಡೀಲಿ ಕೂರೋದು ಬಿಡಿಸಿದರು. ಕೊನೆಗೆ ಅಂಗಡಿ ಬೀಗದ ಕೈನೂ ನನ್ನ ಮಗರಾಯ ಈಸಿಕೊಂಡ. ಈಗ ನೋಡು, ಬಟಾಣಿ ಉಳಿದಿದೆ. ನೀನು ಹೋಗು. ಹೋಗದೆ ಮನೇಲಿ ಕೂತರೆ ನಿನ್ನ ಊದಿದ ಮುಖ ನೋಡೋ ಕರ್ಮ ನನ್ನದಾಗುತ್ತೆ."

ಮಗರಾಯ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಕಾಲು ನಡುಗುವ ಪ್ರಾಣಿ ಅದು. ಹೆಂಡತಿಯನ್ನು ಹತ್ತಬೇಡ ಎನ್ನುವ ಧೈರ್ಯವಿಲ್ಲ, ಅಮ್ಮನಿಗೆ ಎದುರಾಡುವ ಧೈರ್ಯ ಮೊದಲೇ ಇಲ್ಲ.

ಮನಸ್ಸು ಮಾಡಿದ್ದೇನೋ ಸರಿ, ಮೈ ಕೇಳಬೇಕಲ್ಲ! ಅವಳ ಮೈ ಇನ್ನೂ ಆ ದೇಶದಲ್ಲೇ ಇತ್ತು. ಹಗಲಾದರೆ ತೂಕಡಿಕೆ, ಕತ್ತಲಾದರೆ ಕಣ್ಣು ಗೂಬೆ. ಮೊದಲ ದಿನ ಊಟದ ತಟ್ಟೆಯ ಮುಂದೆಯೇ ಗೊರಕೆ ಹೊಡೆದಳು. ಮರುದಿನ ಕೆಲಸಕ್ಕೆ ಹೋಗಿ, ಯಂತ್ರದಡಿ ಸ್ಪ್ಯಾನರ್ ಹಿಡಿದೇ ನಿದ್ದೆಹೋದಳು. ಏನಾಯಿತೋ ಎಂದು ಜೊತೆಯವರು ಕಾಲು ಹಿಡಿದು ಹೊರಗೆಳೆದರಂತೆ. ಶನಿವಾರ ಮಹಡಿ ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿದು ಮೈಗೆ ಬುದ್ಧಿ ಹೇಳಿದಳು. ಮೈ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಬಂಡೆ ಹತ್ತುವ ಶೂ ಕಾಲಿಗೆ ಏರಲೇ ಇಲ್ಲ. ಮೈದುನ ತನ್ನ ಹಳೇ ಜೋಡಿ ತಂದುಕೊಟ್ಟ. ಈ ಮೈದುನ, ಗಂಡನ ತಮ್ಮ, ಅಣ್ಣನಿಗೆ ತದ್ವಿರುದ್ಧ. ಉಡದಕ್ಕನೇ ಹಗ್ಗ ಹಿಡಿಸಿ ಕಲಿಸಿದವಳು. ಅವಳು ಹತ್ತುವಾಗ ಕೆಳಗೆ ಹಗ್ಗ ಹಿಡಿಯುವವನು ಅವನೇ.

ಬಂಡೆಯ ಬುಡದಲ್ಲಿ ಗುಂಪು ನೆರೆದಿತ್ತು. ಇಲ್ಲಿ ಆ ಗುಂಪಿನ ಒಂದು ಪದ್ಧತಿ ಹೇಳಲೇಬೇಕು. ಹತ್ತುವವರು ಹಗ್ಗವನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡ ಮೇಲೆ, ಎದುರಿದ್ದ ಯಾರಿಗಾದರೂ "ಗಂಟು ಕೇಳು" ಎನ್ನಬೇಕು. ಅವರು ಬಂದು ಗಂಟನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಜಗ್ಗಬೇಕು. ಹತ್ತುವವರು "ಏನನ್ನುತ್ತೆ?" ಎಂದು ಕೇಳಬೇಕು. ಸರಿಯಿದ್ದರೆ "ಇದೆ ಅನ್ನುತ್ತೆ" ಎಂದು ಉತ್ತರ. ಕೇಳು ಎಂದಾಗ ಒಲ್ಲೆ ಅನ್ನುವ ಹಾಗಿಲ್ಲ, ಜಗಳವಾಡಿ ಮಾತುಬಿಟ್ಟವರೂ ಬಂದು ಜಗ್ಗಲೇಬೇಕು. ಒಮ್ಮೆ "ಇದೆ" ಎಂದು ಬಾಯಲ್ಲಿ ಬಂತೋ, ಆಮೇಲೆ ಆ ದಿನ ಹತ್ತಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಗಂಟು ಅರೆಬರೆಯಾಗಿದ್ದರೆ ಮಾತ್ರ, ಕಟ್ಟಿಕೊಂಡವರು ಯಾರೇ ಇರಲಿ, ಆ ಭಾನುವಾರವಿಡೀ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂರಬೇಕು. ಈ ಪದ್ಧತಿ ಮಾಡಿದವಳು ಬೇರೆ ಯಾರೂ ಅಲ್ಲ, ಉಡದಕ್ಕನೇ. ಹೊಸದಾಗಿ ಮದುವೆಯಾದ ಮೈದುನನನ್ನು ಅವನ ಮಾವನ ಮನೆಯವರ ಮುಂದೆಯೇ ಆ ಕಲ್ಲಿನ ಮೇಲೆ ಕೂರಿಸಿದ್ದಳು. ಹೊಸ ಹೆಂಡತಿ ನಕ್ಕದ್ದನ್ನು ಅವನು ಇನ್ನೂ ಮರೆತಿಲ್ಲ.

ಆ ಗಂಟು ಎರಡು ಹಂತದ್ದು. ಮೊದಲು ಹಗ್ಗದಲ್ಲೊಂದು ಗಂಟು. ಆಮೇಲೆ ತುದಿಯನ್ನು ಪಟ್ಟಿಯೊಳಗೆ ತೂರಿಸಿ, ಮೊದಲ ಗಂಟಿನ ಹಾದಿಯಲ್ಲೇ ವಾಪಸ್ ತಂದು ಬಿಗಿಯಬೇಕು. ಉಡದಕ್ಕ ಮೊದಲನೆಯದು ಹಾಕಿದಳು. ತುದಿಯನ್ನು ಪಟ್ಟಿಯೊಳಗೆ ತೂರಿಸಿದಳು. ಅಷ್ಟರಲ್ಲಿ ಕಾರ್ಯದರ್ಶಿ ಹತ್ತಿರ ಬಂದ.

"ಕಾಲು ಇನ್ನೂ ಊದಿದೆಯಲ್ಲ ಅಕ್ಕ? ಕಣ್ಣೂ ಕೆಂಪಗಿದೆ. ನಮಗೇನೂ ಹಟ ಇಲ್ಲ ನೋಡಿ."

"ನಿನಗೆ ಹಟ ಇಲ್ಲದಿದ್ದರೆ ಬೇಡ. ನನಗಿದೆ," ಎಂದು ಉಡದಕ್ಕ ತಿರುಗಿ ನಿಂತು, ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡು, ಬಂಡೆಯ ಕಡೆ ಹೊರಳಿ, "ಗಂಟು ಕೇಳು" ಎಂದು ಮೈದುನನಿಗೆ ಸೊಂಟ ಒಡ್ಡಿದಳು.

ಮೈದುನ ಬಾಗಿದ. ಬಾಗಿದವನು ಜಗ್ಗಲಿಲ್ಲ.

"ಏನನ್ನುತ್ತೆ?"

ಅವನ ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ," ಎಂದು ಪಿಸುಗುಟ್ಟಿದ, "ಅರ್ಧಕ್ಕೇ ಬಿಟ್ಟಿದ್ದೀರಿ. ನಾನು ಅಡ್ಡ ನಿಂತಿದ್ದೀನಿ, ಯಾರಿಗೂ ಕಾಣಲ್ಲ. ಬೇಗ ಮುಗಿಸಿಬಿಡಿ."

ಉಡದಕ್ಕ ತಲೆ ಬಗ್ಗಿಸಿ ನೋಡಿದಳು. ತುದಿ ಪಟ್ಟಿಯೊಳಗೆ ತೂರಿ ಸುಮ್ಮನೆ ಜೋತಾಡುತ್ತಿತ್ತು. ಹಾಗೇ ಹತ್ತಿ ಬಂಡೆಯ ಹೊಟ್ಟೆಯ ಹತ್ತಿರ ಕೈಜಾರಿದ್ದರೆ ಹಗ್ಗ ಮೈದುನನ ಕೈಯಲ್ಲಿ ಉಳಿಯುತ್ತಿತ್ತು, ಅವಳು ಉಳಿಯುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಆಗದ್ದು!

ಮುಗಿಸಲು ಎರಡು ಕ್ಷಣ ಸಾಕು. ಮುಗಿಸಿದರೆ ಜಾಗ ಅವಳದು. ಬಾಯಿಬಿಟ್ಟರೆ ಟೀ ಪಾತ್ರೆ. ಇವತ್ತು ಬಿಟ್ಟರೆ ಇನ್ನಿಲ್ಲ ಎಂದು ಮಾತಾಗಿತ್ತಲ್ಲ. ಅವಳ ಬೆರಳು ತುದಿಯನ್ನು ಹಿಡಿದೂ ಹಿಡಿಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಬಿಟ್ಟಿತು.

"ಎಲ್ಲರೂ ಕೇಳಿ," ಎಂದಳು, ಬಂಡೆಗೂ ಕೇಳುವಷ್ಟು ಗಟ್ಟಿಯಾಗಿ. "ನನ್ನ ಗಂಟು ಅರ್ಧ ಇತ್ತು. ನಾನು ಕಲ್ಲಿನ ಮೇಲೆ ಕೂರ್ತೀನಿ."

ಗುಂಪು ಗುಜುಗುಜು ಎಂದಿತು. ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡ. "ನಾವು ಹೇಳಿದ್ದು ಇದನ್ನೇ ಅಕ್ಕ. ವಯಸ್ಸು..."

"ವಯಸ್ಸಿನ ಸುದ್ದಿ ಎತ್ತಿದರೆ ನೋಡು! ಇವನು ಮದುವೆಯಾದ ಹೊಸದರಲ್ಲಿ ಇದೇ ತಪ್ಪು ಮಾಡಿದ. ಆಗ ಅವನಿಗೆಷ್ಟು ವಯಸ್ಸಾಗಿತ್ತು? ನೀನೇ ಎರಡು ಸಲ ಈ ಕಲ್ಲಿನ ಮೇಲೆ ಕೂತಿದ್ದೀಯ, ಮರೆತೆಯಾ? ನಿದ್ದೆಗೆಟ್ಟಿದ್ದೆ, ಕೋಪದಲ್ಲಿದ್ದೆ, ತಪ್ಪಾಯಿತು. ಗಂಟಿಗಾಗಿ ಕೂರು ಅಂದರೆ ಇವತ್ತಿಡೀ ಕೂರ್ತೀನಿ. ವಯಸ್ಸಿಗಾಗಿ ಕೂರು ಅಂದರೆ ಒಂದು ಗಳಿಗೆಯೂ ಕೂರಲ್ಲ. ನಿಮಗೆಲ್ಲ ಒಂದು ಭಾನುವಾರ ಅಂದರೆ ನನಗೂ ಒಂದೇ ಭಾನುವಾರ."

ಹಗ್ಗ ಬಿಚ್ಚಿ ಮೈದುನನ ಕೈಗಿಟ್ಟು, ಹೋಗಿ ಕಲ್ಲಿನ ಮೇಲೆ ಕೂತಳು. ಅವಮಾನ ಆಗಲಿಲ್ಲವೇ ಎಂದರೆ ಆಯಿತು. ಕಿವಿಯವರೆಗೂ ಬಿಸಿಯೇರಿತು. ಸೆಟೆದು ಕೂತೇ ಇದ್ದಳು. ಮುಂದಿನ ಜಾಗದಲ್ಲಿ ಮೈದುನ ಹತ್ತುವುದನ್ನು ಅರ್ಧದವರೆಗೆ ನೋಡಿದ್ದು ನೆನಪಿದೆ. ಆಮೇಲೆ ಮೈ ಆ ದೇಶದ ನಿದ್ದೆಯನ್ನೆಲ್ಲ ಒಟ್ಟಿಗೆ ತಂದು ಸುರಿಯಿತು. ಎದ್ದಾಗ ಬಿಸಿಲು ಇಳಿದಿತ್ತು, ಮೈಮೇಲೆ ಮೈದುನನ ಜಾಕೆಟ್ಟಿತ್ತು. ಅವಳ ಗೊರಕೆ ಬಂಡೆಯ ತುದಿಗೂ ಕೇಳಿಸುತ್ತಿತ್ತು ಎಂದು ಅವನು ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ.

ಆ ವಾರ ಅತ್ತೆ ಊರುಗೋಲು ಹಿಡಿದು ಕಾವಲು ಕೂತಳು. ಸೊಸೆ ಸಂಜೆ ಕೆಲಸದಿಂದ ಬಂದು ತೂಕಡಿಸಿದರೆ ಪಕ್ಕೆಗೊಂದು ತಿವಿತ. "ಏಳು, ಕತ್ತಲಾಗೋವರೆಗೂ ಕಣ್ಣು ಮುಚ್ಚಿದರೆ ನೋಡು!" ಸೊಸೆ ಬಯ್ದಳು, ಅತ್ತೆ ಇನ್ನಷ್ಟು ತಿವಿದಳು. ನಿದ್ದೆ ದಿನಕ್ಕಿಷ್ಟಿಷ್ಟೇ ಸರಿದು ತನ್ನ ಜಾಗಕ್ಕೆ ಬಂತು. ಬಾವು ಇಳಿಯಿತು. ವಾರದ ಕೊನೆಗೆ ಶೂ ಕಾಲಿಗೆ ಗಪ್ಪನೆ ಕೂತಾಗ ಉಡದಕ್ಕ ಅಡಿಗೆಮನೆಯಲ್ಲೇ ಒಂದು ಕುಣಿತ ಕುಣಿದಳು. ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಗಾಬರಿಯಿಂದ ನೋಡಿದ.

ಮರುಭಾನುವಾರ ಕಾರ್ಯದರ್ಶಿ ಬಂಡೆಯ ಬುಡದಲ್ಲಿ ಟೀ ಪಾತ್ರೆಯನ್ನೇ ಹಿಡಿದು ನಿಂತಿದ್ದ. "ಮಾತು ಮಾತೇ ಅಲ್ಲವಾ ಅಕ್ಕ? ಹೋದ ವಾರ ಆಗಲಿಲ್ಲ, ಇನ್ನು ಮೆಟ್ಟಿಲ ದಾರಿ."

ಉಡದಕ್ಕ ನೆಲದ ಮೇಲೆ ಕೂತು ಹಗ್ಗ ತೆಗೆದುಕೊಂಡಳು. ಮೊದಲ ಗಂಟು. ತುದಿ ಪಟ್ಟಿಯೊಳಗೆ. ಬಂದ ಹಾದಿಯಲ್ಲೇ ವಾಪಸ್. ಬಿಗಿದಳು. ಯಾರು ಏನು ಮಾತಾಡಿದರೂ ತಲೆ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದಳು. ಹಗ್ಗ ಹಿಡಿದು ಕಾಯುತ್ತಿದ್ದ ಮೈದುನನನ್ನು ದಾಟಿ, ನೆಟ್ಟಗೆ ಕಾರ್ಯದರ್ಶಿಯ ಎದುರಿಗೆ ಹೋಗಿ ನಿಂತಳು.

"ಗಂಟು ಕೇಳು."

ಕೇಳು ಎಂದಾಗ ಒಲ್ಲೆ ಅನ್ನುವ ಹಾಗಿಲ್ಲ. ಕಾರ್ಯದರ್ಶಿ ಅತ್ತ ನೋಡಿದ, ಇತ್ತ ನೋಡಿದ. ಟೀ ಪಾತ್ರೆ ಕೆಳಗಿಟ್ಟ. ಬಾಗಿ ನೋಡಿದ, ಕನ್ನಡಕ ಮೇಲೆತ್ತಿ ಮತ್ತೆ ನೋಡಿದ. ಜಗ್ಗಿದ. ಇನ್ನೂ ಜೋರಾಗಿ ಜಗ್ಗಿದ.

"ಏನನ್ನುತ್ತೆ?"

ಅವನು ಸುಳ್ಳು ಹೇಳಬಹುದಿತ್ತು. ಆದರೆ ಅವನೂ ಬಂಡೆ ಹತ್ತುವವನೇ. ಗಂಟಿನ ವಿಷಯದಲ್ಲಿ ಸುಳ್ಳು ಆ ಗುಂಪಿನ ಯಾರ ಬಾಯಲ್ಲೂ ಬರುವುದಿಲ್ಲ.

"ಇದೆ," ಎಂದ, ಗಂಟಲು ಸರಿಮಾಡಿಕೊಂಡು. "ಇದೆ ಅನ್ನುತ್ತೆ."

"ಹಾಗಿದ್ದರೆ ದಾರಿ ಬಿಡು."

ಹತ್ತಿದಳು. ಮಳೆಗೆ ಮಿಂದು ಒಣಗಿದ ಬಂಡೆ ಬೆರಳಿಗೆ ಒರಟಾಗಿ ಸಿಕ್ಕಿತು. ಬಂಡೆಯ ಹೊಟ್ಟೆಯ ಕೆಳಗೆ ಬಂದಾಗ ಬಲಗಾಲು ಗಡಗಡ ನಡುಗಿತು, ಕಬ್ಬಿಣದ ಬಳೆ ಇನ್ನೂ ಒಂದು ಕೈ ದೂರದಲ್ಲಿತ್ತು. "ನಡುಗು, ಎಷ್ಟು ಬೇಕಾದರೂ ನಡುಗು, ಬಿಟ್ಟೀಯೆ ಜೋಕೆ!" ಎಂದು ಕಾಲನ್ನು ಬಯ್ದಳು. ಹಲ್ಲು ಕಚ್ಚಿ ಮೇಲಕ್ಕೆ ಚಾಚಿದಳು. ಬಳೆ ಸಿಕ್ಕಿತು. ಮೇಲೆ ತಲುಪಿ, ಕುತ್ತಿಗೆಯ ಕೆಂಪು ಬಟ್ಟೆ ಬಿಚ್ಚಿ, ಮನೆಯ ಕಿಟಕಿಯ ಕಡೆಗೆ ತೋಳು ಸೋಲುವವರೆಗೂ ಬೀಸಿದಳು. ಟೀ ಕಾಯಿಸುವ ಕೆಲಸ ಆ ದಿನ ಕಾರ್ಯದರ್ಶಿಯ ಪಾಲಿಗೇ ಬಂತು. ಸಕ್ಕರೆ ಹಾಕುವುದನ್ನು ಮರೆತಿದ್ದ.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. "ನೀನು ಕೆಂಪು ಬಟ್ಟೆ ಬೀಸಿದ್ದೇ ಸರಿ, ಅಮ್ಮ ಅಂಗಡಿ ಬೀಗದ ಕೈ ಕೇಳಿದಳು. ಕೊಡೋವರೆಗೂ ಬಿಡಲಿಲ್ಲ. ನಾಳೆಯಿಂದ ಅಂಗಡೀಲಿ ಅವಳೇ ಕೂರ್ತಾಳಂತೆ. ಕುರ್ಚಿ ಸಮೇತ ಹೊತ್ತುಕೊಂಡು ಹೋಗಬೇಕಂತೆ. ನೀನಾದರೂ ಹೇಳು."

ಒಳಗೆ ಅತ್ತೆಯ ಮಡಿಲಲ್ಲಿ ಬಟಾಣಿ ಬುಟ್ಟಿ ಇರಲಿಲ್ಲ. ಹೊದ್ದ ಶಾಲಿನ ತುದಿಗೆ ಬೀಗದ ಕೈ ಕಟ್ಟಿಕೊಂಡು, ಗಲ್ಲ ಮೇಲೆತ್ತಿ ಕೂತಿದ್ದಳು. ಸೊಸೆಯನ್ನು ಕಂಡವಳೇ ಶಾಲಿನ ತುದಿಯನ್ನು ಮುಂದೆ ಚಾಚಿದಳು.

"ಗಂಟು ಕೇಳು."

ಉಡದಕ್ಕ ಬಾಗಿ, ಬಂಡೆಗೆ ಉಜ್ಜಿ ಚರ್ಮ ಸುಲಿದ ಬೆರಳುಗಳಲ್ಲಿ ಗಂಟು ಹಿಡಿದು ಜೋರಾಗಿ ಜಗ್ಗಿದಳು.

"ಏನನ್ನುತ್ತೆ?" ಎಂದಳು ಮುದುಕಿ.

"ಇದೆ ಅನ್ನುತ್ತೆ ಅತ್ತೆ," ಎಂದು ಉಡದಕ್ಕ ಗಂಡನ ಕಡೆ ತಿರುಗಿದಳು. "ಕೇಳಿಸಿತಾ? ಬೆಳಿಗ್ಗೆ ಕುರ್ಚಿಯ ಆ ಕಡೆ ನೀವು ಹಿಡೀರಿ, ಈ ಕಡೆ ನಾನು ಹಿಡೀತೀನಿ."