ನಾಲ್ಕನೆಯ ಹೊಲಿಗೆ

"ಭುಜ ಸ್ವಲ್ಪ ಎತ್ತಿ ಹಿಡೀರಿ ಅತ್ತೆ," ಎಂದಳು ತಂಗಿ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ.

ಸೋದರತ್ತೆ ಸತ್ತ ಅಕ್ಕನ ಭುಜ ಎತ್ತಿದಳು. ಹಸಿರು ನಿಲುವಂಗಿ ಬೆನ್ನ ಕೆಳಗೆ ಸರಿಯಿತು. ಸೊಂಟದಲ್ಲಿ ಮಾತ್ರ ಒಂದು ಗೇಣು ಬಟ್ಟೆ ಸಡಿಲವಾಗಿ ಮಡಿಸಿಕೊಂಡು ಬಿತ್ತು. ಎರಡು ತಿಂಗಳ ಹಿಂದೆ ತಂಗಿಯೇ ಕೂತು ನಾಲ್ಕನೆಯ ಸಲ ಬಿಗಿ ಮಾಡಿದ ಅಂಗಿ ಅದು. ಅವಳು ಟೈಲರು. ಕೇರಿಯಲ್ಲಿ ಯಾರು ಉಬ್ಬಿದರು, ಯಾರು ಬತ್ತಿದರು ಎಂಬುದು ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು, ಆಮೇಲೆ ಊರಿಗೆ.

"ಇನ್ನೊಂಚೂರು ಬಿಗಿ ಮಾಡೇ," ಎಂದಳು ಅತ್ತೆ. "ಪಾಪ, ತೆಳ್ಳಗೆ ಕಾಣ್ಬೇಕು ಅಂತ ಜೀವ ಬಿಡ್ತಿದ್ಲು."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಸುಮ್ಮನಿರುವ ಜನ್ಮವಲ್ಲ ಅದು. "ಊಟ ಬಲ್ಲವನಿಗೆ ರೋಗವಿಲ್ಲ ಅಂತ ಸುಮ್ನೆ ಹೇಳಿದಾರಾ? ಮೊದ್ಲಿಂದ ಬಾಯಿ ಹಿಡಿತದಲ್ಲಿ ಇಟ್ಕೊಂಡಿದ್ರೆ ಈ ಗತಿ ಬರ್ತಿರ್ಲಿಲ್ಲ. ಮಾಡಿದ್ದುಣ್ಣೋ ಮಾರಾಯ, ಅಷ್ಟೇ."

ತಂಗಿಗೆ ಐದನೆಯ ಹೊಲಿಗೆ ಹಾಕಲು ಕೈ ಬರಲಿಲ್ಲ. ಸೂಜಿ ಚುಚ್ಚಿ ಮಡಿಕೆ ನಿಲ್ಲಿಸತೊಡಗಿದಳು.

ಅಕ್ಕನಿಗೆ ನಲವತ್ತೊಂಬತ್ತು. ಮನೆಯವರಿಗೂ, ಆಸ್ಪತ್ರೆಯ ಲಾಂಡ್ರಿಯಲ್ಲಿ ಜೊತೆಗೆ ದುಡಿದವರಿಗೂ ಅವಳು ಗುಂಡಕ್ಕ. ಇಪ್ಪತ್ತೆರಡು ವರ್ಷ ರೋಗಿಗಳ ಚಾದರ ಒಗೆದು ಮಡಿಸಿದಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಿದ್ದರು. ನಾಲ್ಕು ಜನ ಸೇರಿದಲ್ಲಿ ಊಟಕ್ಕೆ ಕೂತರೆ ಎಲ್ಲರ ಕಣ್ಣು ಅವಳ ತಟ್ಟೆಯ ಮೇಲೆ. ಅದಕ್ಕೇ ಅವಳು ಎರಡನೇ ಸಲ ಬಡಿಸಿಕೊಂಡವಳೇ ಅಲ್ಲ.

*

ವರ್ಷದ ಹಿಂದೆ ಅಕ್ಕ ಹೊಟ್ಟೆನೋವೆಂದು ಹೋದಾಗ ಅದೇ ಆಸ್ಪತ್ರೆಯ ಡಾಕ್ಟರು ಅವಳನ್ನು ಮುಟ್ಟಿಯೂ ನೋಡಿರಲಿಲ್ಲ. "ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ" ಎಂದಿದ್ದರು. ಅಕ್ಕ ಹಟ ಹಿಡಿದಳು. ಡಬ್ಬಿಯಲ್ಲಿ ಅರ್ಧ ಸೌತೆಕಾಯಿ, ಒಂದು ತುಂಡು ಬ್ರೆಡ್ಡು. ಕೆಲವು ತಿಂಗಳಾದ ಮೇಲೆ ಆ ಬ್ರೆಡ್ಡೂ ಡಬ್ಬಿಯಲ್ಲೇ ಉಳಿದು ವಾಪಸು ಬರತೊಡಗಿತು. ತೂಕ ತಾನಾಗಿ ಇಳಿಯಿತು. ಲಾಂಡ್ರಿಯವರು ಚಪ್ಪಾಳೆ ತಟ್ಟಿದರು.

ಒಂದು ಸಂಜೆ ಅಕ್ಕ ತಂಗಿಯ ಹೊಲಿಗೆ ಅಂಗಡಿಗೆ ಓಡಿ ಬಂದಳು. "ಆ ಡಾಕ್ಟರು ನಿಂತು ಮಾತಾಡ್ಸಿದ್ರು ಕಣೇ. ಶಭಾಷ್, ಹೀಗೇ ಮುಂದುವರಿಸಿ ಅಂದ್ರು. ಇಷ್ಟು ವರ್ಷ ನಾನೂ ಅಲ್ಲಿದೀನಿ ಅಂತಾನೇ ಅವರಿಗೆ ಗೊತ್ತಿರ್ಲಿಲ್ಲ."

ಆವತ್ತು ಹಸಿರು ಅಂಗಿಗೆ ಮೊದಲ ಹೊಲಿಗೆ ಬಿತ್ತು. ಮೂರು ವಾರಕ್ಕೆ ಎರಡನೆಯದು, ಆಮೇಲೆ ಮೂರನೆಯದು. ಪ್ರತಿ ಸಲವೂ ಎರಡೆರಡು ಇಂಚು.

ನಾಲ್ಕನೆಯ ಸಲ ಟೇಪು ಎಳೆಯುವಾಗ ತಂಗಿಯ ಬೆರಳಿಗೆ ಬಲಗಡೆ, ಪಕ್ಕೆಲುಬಿನ ಕೆಳಗೆ, ಏನೋ ತಗಲಿತು. ಬೇಯದ ಆಲೂಗಡ್ಡೆಯಷ್ಟು ಗಟ್ಟಿ.

"ಅಕ್ಕಾ, ಇಲ್ಲಿ ನೋವಿದ್ಯಾ?"

"ಇಲ್ವೇ. ಎಷ್ಟಾಯ್ತು ಅಂತ ಹೇಳು ಮೊದ್ಲು."

"ಮೂವತ್ತೆಂಟು."

ಅಕ್ಕ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತಳು, ಉಸಿರು ಬಿಗಿಹಿಡಿಯದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನಗೆಗೆ ಕಲ್ಲು ಹಾಕಲು ತಂಗಿಗೆ ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆಯನ್ನು ದಿನಾ ಮುಂದೂಡಿದಳು. ಕಳೆದ ವಾರ ಅಕ್ಕ ಲಾಂಡ್ರಿಯಲ್ಲಿ ಚಾದರದ ರಾಶಿಯ ಮೇಲೇ ಕುಸಿದು ಬಿದ್ದವಳು ಮತ್ತೆ ಏಳಲೇ ಇಲ್ಲ.

*

"ವ್ಯಾನು ಬಂತು," ಎನ್ನುತ್ತ ಭಾವ ಒಳಗೆ ಬಂದ. ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ. "ಎರಡು ತಿಂಗಳು ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು ಅಂದ್ರು ಡಾಕ್ಟರು. ಅಳತೆ ತಗೋತಿದ್ದೋಳು ನೀನು. ನಿಂಗೇನಾದ್ರೂ ಗೊತ್ತಾಗಿತ್ತಾ?"

"ಇಲ್ಲ ಭಾವ," ಎಂದಳು ತಂಗಿ. ಮಡಿಕೆಗೆ ಇನ್ನೊಂದು ಸೂಜಿ ಚುಚ್ಚಿದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳನ್ನು, ಮಗನ ಮಗಳನ್ನು, ಕೈಹಿಡಿದು ಎಳೆತಂದಳು. ಇಪ್ಪತ್ತರ ಹುಡುಗಿ. ಚಿಕ್ಕಂದಿನಿಂದ ಅವಳಿಗೂ ಮನೆಯಲ್ಲಿ 'ಇನ್ನೊಬ್ಬ ಗುಂಡಕ್ಕ' ಅಂತಲೇ ಹೆಸರು.

"ನಮ್ಮ ಹುಡುಗಿ ನೋಡು, ಹೇಗೆ ಇಳಿದಿದಾಳೆ. ಎರಡೇ ತಿಂಗಳು. ನಾಳಿದ್ದು ಇವಳ ಸ್ಕರ್ಟು ಒಂಚೂರು ಬಿಗಿ ಮಾಡ್ಕೊಡು."

ಹುಡುಗಿ ನಾಚಿಕೊಂಡು ನಕ್ಕಳು. ತುಟಿ ಬಿಳಿಚಿತ್ತು. ಸ್ಕರ್ಟಿನ ಸೊಂಟವನ್ನು ಮಡಿಸಿ ಪಿನ್ನು ಹಾಕಿದ್ದಳು. ಒಂದರ ಪಕ್ಕ ಒಂದು, ಮೂರು ಪಿನ್ನು.

"ಊಟ ಸೇರುತ್ತಾ?" ತಂಗಿ ಕೇಳಿದಳು.

"ಹಸಿವೇ ಆಗಲ್ಲ ಚಿಕ್ಕಮ್ಮ. ಅದೇ ಒಳ್ಳೇದಾಯ್ತು."

ತಂಗಿ ತುಟಿಯಲ್ಲಿದ್ದ ಕೊನೆಯ ಸೂಜಿ ತೆಗೆದಳು. ಈಗ ಬಾಯಿ ಬಿಟ್ಟರೆ ಭಾವ ಮತ್ತೆಂದೂ ತನ್ನ ಮುಖ ನೋಡಲಾರನೆಂದು ಅವಳಿಗೆ ಗೊತ್ತಿತ್ತು.

"ಸ್ಕರ್ಟು ಬಿಡಿ. ನಾಳೆನೇ ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹೊಟ್ಟೆ ಮುಟ್ಟಿ ನೋಡೋ ತನಕ ಎದ್ದು ಬರಬೇಡಿ."

"ಸಾವಿನ ಮನೇಲಿ ಇದೇನೇ ಮಾತು?"

"ಅಕ್ಕನ ಹೊಟ್ಟೇಲಿ ಗಟ್ಟಿಯಾಗಿ ಏನೋ ಇತ್ತು ಅತ್ತೆ. ನಾಲ್ಕನೇ ಸಲ ಬಿಗಿ ಮಾಡುವಾಗ ನನ್ನ ಕೈಗೆ ಸಿಕ್ಕಿತ್ತು. ನಾನು ಹೇಳ್ಲಿಲ್ಲ."

ಭಾವ ಅವಳನ್ನೇ ನೋಡಿದ. ತಿರುಗಿ ವ್ಯಾನಿನ ಕಡೆಗೆ ನಡೆದುಹೋದ. ಅತ್ತೆ ಹುಡುಗಿಯ ಕೈ ಬಿಟ್ಟಳು.

"ಗಟ್ಟಿ ಇದ್ದಿದ್ದು ಎಲ್ಲಿ, ಚಿಕ್ಕಮ್ಮ?" ಹುಡುಗಿ ಮೆಲ್ಲಗೆ ಕೇಳಿದಳು.

ಕೇಳುವಷ್ಟರಲ್ಲಿ ಅವಳ ಕೈ ಆ ಮೂರು ಪಿನ್ನು ದಾಟಿ ಮೇಲೆ, ಬಲಗಡೆ ಪಕ್ಕೆಲುಬಿನ ಕೆಳಗೆ ಹೋಗಿ ನಿಂತಿತ್ತು.