ತೊಗರಿ ಮರೆಯ ಗಂಡು ಗಿಡ

ಡೆಲ್‌ರೋಸ್‌ಗೆ ನಡೆಯುವುದಕ್ಕೇ ಸಂಬಳ ಕೊಡುತ್ತಾರೆ ಎಂದು ತೋಟದ ನೀರಿನ ಪಂಪು ನೋಡಿಕೊಳ್ಳುವ ಕ್ಲೋವಿಸ್ ಹಾಸ್ಯ ಮಾಡುತ್ತಿದ್ದ. ಅದು ಸುಳ್ಳೇನಲ್ಲ. ಸೇಂಟ್ ಎಲಿಜಬೆತ್ ಸೀಮೆಯ ಕೆಂಪು ಮಣ್ಣಿನಲ್ಲಿ, ಬೆಟ್ಟದ ಬುಡದಲ್ಲಿ, ಸುತ್ತ ತಂತಿಬೇಲಿ ಹಾಕಿದ ಆ ಲೈಸೆನ್ಸಿನ ಗಾಂಜಾ ತೋಟಕ್ಕೆ ಇಪ್ಪತ್ತನಾಲ್ಕು ಸಾಲು. ಬೆಟ್ಟದ ಕಡೆಯ ಹನ್ನೆರಡು ಅವಳ ಪಾಲಿನವು. ಬೆಳಿಗ್ಗೆ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ, ಎಡಗೈಯಿಂದ ಕೊಂಬೆ ಸರಿಸುತ್ತ, ಬಲಗೈಯಲ್ಲಿ ಭೂತಗನ್ನಡಿ ಹಿಡಿದು, ಗಂಡು ಗಿಡವೇನಾದರೂ ಕಳ್ಳನ ಹಾಗೆ ನಡುವೆ ಸೇರಿಕೊಂಡಿದೆಯೇ ಎಂದು ನೋಡುವುದು ಅವಳ ಕೆಲಸ. ಹೆಣ್ಣು ಗಿಡ ಗಂಡಿನ ಸೋಂಕಿಲ್ಲದೆ ಕಾದು ಕಾದು ಹೂವಿನಲ್ಲೇ ಅಂಟು ತುಂಬಿಕೊಳ್ಳಬೇಕು. ಅಂಥ ಹೂವನ್ನು ಮಾತ್ರ ಔಷಧಿ ಕಂಪನಿ ಕೊಳ್ಳುತ್ತದೆ. ಎಲ್ಲೋ ಒಂದು ಗಂಡು ಹೂ ಬಿರಿದು ಅದರ ಪುಡಿ ಹಾರಿದರೆ ಮುಗಿಯಿತು, ಅಂಟೆಲ್ಲ ಬೀಜವಾಗಿ ಹೋಗುತ್ತದೆ. ಆರು ವರ್ಷದಲ್ಲಿ ಡೆಲ್‌ರೋಸಳ ಸಾಲುಗಳಲ್ಲಿ ಹಾಗೆ ಆದದ್ದಿರಲಿಲ್ಲ.

ಗಿಡ ಎಣಿಸುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಅವಳ ಅಪ್ಪ ಎಗ್ಬರ್ಟ್ ದಿನವೂ ಮುಂಜಾನೆ ಜಗಲಿಯಲ್ಲಿ ಕೂತು ಒಂದು ಸ್ತುತಿಪದ್ಯ ಹೇಳುತ್ತಿದ್ದ. ತೊಟ್ಟಿಲಲ್ಲಿದ್ದಾಗಿನಿಂದ ಅವಳು ಕೇಳಿದ್ದು ಅದನ್ನೇ. ನಲವತ್ತು ಚರಣ, ಸಾಲಿಗೆ ನಲವತ್ತು ಗಿಡ. ಗಿಡಕ್ಕೊಂದು ಚರಣ ತುಟಿಯಲ್ಲೇ ಹೇಳಿಕೊಂಡು ನಡೆದರೆ ಪದ್ಯ ಮುಗಿದಾಗ ಸಾಲೂ ಮುಗಿಯಬೇಕು. ಮುಗಿಯದಿದ್ದರೆ ಯಾವುದೋ ಗಿಡ ಕಣ್ಣು ತಪ್ಪಿಸಿದೆ ಎಂದರ್ಥ. ಮತ್ತೆ ಹಿಂದಕ್ಕೆ ನಡೆಯಬೇಕು.

ಆ ಮಂಗಳವಾರ ಪದ್ಯ ಮೂರನೇ ಸಾಲಿನ ಹದಿನೇಳನೇ ಚರಣದಲ್ಲಿ ನಿಂತುಹೋಯಿತು. ಹೂಗೊಂಚಲಿನೊಳಗೆ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಉಗುರಿನಿಂದ ಬಿಡಿಸಿದಳು. ಇನ್ನೂ ಬಲಿಯದ, ಹಾಲುಹಸಿರು ಬೀಜ.

ಅವಳು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸುಮ್ಮನೆ ನಿಂತಳು. ಆಮೇಲೆ ನಿಲ್ಲಲಾಗದೆ ನಡೆದಳು. ನಾಲ್ಕನೇ ಸಾಲಿನಲ್ಲಿ ಎರಡು ಸಿಕ್ಕವು, ಐದನೆಯದರಲ್ಲಿ ಐದು. ಪದ್ಯ ಎಲ್ಲಿಗೆ ಬಂದಿತ್ತೆಂಬುದೇ ಮರೆತುಹೋಯಿತು.

ಮೇಲ್ವಿಚಾರಕ ಪಿನಾಕ್ ಬೀಜಗಳನ್ನು ಕಾಗದದ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಮಿತಭಾಷಿ, ಕೋಪ ಬಂದರೆ ಇನ್ನೂ ಮೆತ್ತಗೆ ಮಾತಾಡುವ ಮನುಷ್ಯ.

“ನಿನ್ನ ಸಾಲಲ್ಲಿ ಗಂಡು ಇದ್ಯಾ, ಮಿಸ್ ಡೆಲ್?”

“ಇಲ್ಲ ಸರ್. ಎರಡು ಸಲ ನೋಡ್ದೆ. ಒಂದೂ ಇಲ್ಲ.”

“ಹಾಗಾದ್ರೆ ಆಕಾಶದಿಂದ ಬಿತ್ತಾ?”

ಬಾಗಿಲಲ್ಲಿ ನಿಂತಿದ್ದ ಕ್ಲೋವಿಸ್ ಬಾಯಿ ಹಾಕಿದ. “ಬೆಟ್ಟದ ಮೇಲಿಂದ ಗಾಳೀಲಿ ಬಂದು ಬಿದ್ದಿರ್ಬೇಕು ಸರ್. ಅಲ್ಲಿ ಮನೆಮನೆಗೂ ನಾಲ್ಕು ಗಿಡ ಇವೆ. ಹೆಣ್ಣು ಯಾವ್ದು ಗಂಡು ಯಾವ್ದು ಅಂತ ಅವುಗಳ ಜಾತಕ ನೋಡೋರು ಯಾರು?”

ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಾಲುಗಳನ್ನೂ ತಡಕಿದ್ದಾಯಿತು. ಬೀಜ ಇದ್ದದ್ದು ಡೆಲ್‌ರೋಸಳ ಹನ್ನೆರಡು ಸಾಲುಗಳಲ್ಲಿ ಮಾತ್ರ, ಬೆಟ್ಟದ ಕಡೆಯವುಗಳಲ್ಲಿ. ಪಿನಾಕ್ ತಲೆಯೆತ್ತಿ ಬೆಟ್ಟ ನೋಡಿದ.

“ನಾಳೆ ಬೆಳಿಗ್ಗೆ ಮಚ್ಚು ತಗೊಂಡು ನಾಲ್ಕು ಜನ ನನ್ನ ಜೊತೆ ಬನ್ನಿ. ಮನೆಮನೆಗೂ ಹೋಗಿ ಕೇಳೋಣ. ಅವರ ಮಕ್ಕಳು ನಮ್ಮಲ್ಲೇ ಕೆಲಸ ಮಾಡೋದು, ಇಲ್ಲ ಅನ್ನಲ್ಲ. ಮೇಲೆ ಒಂದು ಗಿಡಾನೂ ಉಳೀಬಾರದು. ಈ ಹನ್ನೆರಡು ಸಾಲು ಎಣ್ಣೆ ತೆಗೆಯೋರಿಗೆ ಹೋಗ್ಲಿ.”

“ಬೆಟ್ಟದ ಮೇಲಿರೋ ಹೆಪ್ಸಿ ಅತ್ತೆ ಮಂಡಿನೋವಿಗೆ ಅದನ್ನೇ ಕಾಯಿಸಿ ಕುಡಿಯೋದು ಸರ್,” ಎಂದಳು ಡೆಲ್‌ರೋಸ್.

“ಮಂಡಿಗೆ ಶುಂಠಿ ಕುಡೀಲಿ.”

ಅವಳು ಸಂಜೆಯ ಸುತ್ತಿಗೆ ಹೋದಳು. ಕಾಲು ಒಂದು ಕಡೆ, ಮನಸ್ಸು ಒಂದು ಕಡೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ತುದಿಯ ಹೂಗಳನ್ನು ಬಗ್ಗಿಸಿ ಬಿಡಿಸಿದಳು. ಶುದ್ಧವಾಗಿದ್ದವು. ಗಾಳಿ ಮೊದಲು ಮುಟ್ಟುವುದೇ ತುದಿಯನ್ನಲ್ಲವೇ? ಬೀಜವಿದ್ದದ್ದು ಕೆಳಗೆ, ಅವಳ ಮೊಣಕೈಯ ಎತ್ತರದಲ್ಲಿ, ಅದೂ ದಾರಿಯ ಎಡಕ್ಕೆ. ಇದ್ಯಾವ ಗಾಳಿ, ಹೀಗೆ ಅಳತೆ ಹಿಡಿದು ಬೀಸುವಂಥದ್ದು? ಸಾಲಿನ ತುದಿಗೆ ಹೋಗಿ ತಿರುಗಿ ಬಂದಳು. ಮತ್ತೆ ಹೋದಳು. ಗೇಟು ಹಾಕುವವನು ಮೂರು ಸಲ ಕೂಗಿದ ಮೇಲೆ ಹೊರಟಳು.

ಮನೆಗೆ ಎರಡು ಮೈಲಿ ಏರುದಾರಿ. ಅಪ್ಪ ಒಲೆಯ ಮುಂದೆ ಕೂತು ದೀವಿಹಲಸು ಸುಡುತ್ತಿದ್ದ. ಪಕ್ಕದ ಬಾಣಲೆಯಲ್ಲಿ ಉಪ್ಪುಮೀನು ಮತ್ತು ದಂಟಿನ ಸೊಪ್ಪು. ಅವಳು ಬೆಳಕು ಹರಿಯುವ ಮುನ್ನ ಹೋಗಿ ಕತ್ತಲಾಗುವಾಗ ಬರುವವಳಾದ್ದರಿಂದ ಅಡಿಗೆಯೂ ಬಟ್ಟೆ ಒಗೆಯುವುದೂ ಎಗ್ಬರ್ಟ್‌ನದೇ. ಜೈಲಿನಲ್ಲಿ ಕಲಿತದ್ದು ಎನ್ನುತ್ತಿದ್ದ. ಇದೇ ಬೆಳೆ ಅಪರಾಧವಾಗಿದ್ದ ಕಾಲದಲ್ಲಿ ಪೊಲೀಸರು ಅವನ ಬೆಟ್ಟದ ತಾಕಿಗೆ ಬೆಂಕಿಯಿಟ್ಟು ಅವನನ್ನು ಮೂರು ವರ್ಷ ಒಳಗೆ ಹಾಕಿದ್ದರು.

“ಅಪ್ಪ, ನಾಳೆ ಪಿನಾಕ್ ಮಚ್ಚು ತಗೊಂಡು ಬರ್ತಾನೆ. ಬೆಟ್ಟದ ಗಿಡ ಎಲ್ಲಾ ಕಡಿಸ್ತಾನಂತೆ. ನಮ್ಮ ತೋಟದಲ್ಲಿ ಬೀಜ ಕಟ್ಟಿದೆ.”

ಎಗ್ಬರ್ಟ್ ಕಡ್ಡಿಯಿಂದ ಹಲಸು ಹೊರಳಿಸುತ್ತಿದ್ದವನು ಕೈ ನಿಲ್ಲಿಸಿದ. “ಎಲ್ಲಾ ಅಂದ್ರೆ?”

“ಎಲ್ಲಾ. ಯಾಕೆ, ನಿಂದೇನಾದ್ರೂ ಇದ್ಯಾ?”

ಅವನು ಬಾಣಲೆಗೆ ಅಗತ್ಯವಿಲ್ಲದಿದ್ದರೂ ಉಪ್ಪು ಹಾಕಿದ. ಅಷ್ಟು ಸಾಕಾಯಿತು. ಡೆಲ್‌ರೋಸ್ ಎದ್ದು ಮನೆಯ ಹಿಂದಕ್ಕೆ ನಡೆದಳು.

ಅಲ್ಲಿ ಅಮ್ಮನ ಸಮಾಧಿ, ಅದರಾಚೆ ಎರಡಾಳುದ್ದದ ತೊಗರಿ ಸಾಲುಗಳು. ಸಮಾಧಿಯ ಮೂಲೆಯ ಗೂಟದಿಂದ ತೊಗರಿಯ ಆಚೆಯ ಬೇಲಿಗೂಟದವರೆಗೆ ಬಟ್ಟೆ ಒಣಗಿಸುವ ತಂತಿ. ಹಿತ್ತಿಲಲ್ಲಿ ಬಿಸಿಲು ಚೆನ್ನಾಗಿ ಬೀಳುವುದು ಅಲ್ಲೇ. ಇಳಿಬೆಳಕಿನಲ್ಲಿ ಅವಳ ಮಿಕ್ಕ ಎರಡು ಕೆಲಸದ ಅಂಗಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಅವುಗಳ ಹಿಂದೆ, ತೊಗರಿಯಷ್ಟೇ ಎತ್ತರವಾಗಿ, ತೊಗರಿಯೇ ಇರಬೇಕೆಂದು ಯಾರಾದರೂ ನಂಬುವ ಹಾಗೆ, ಒಂದು ಗಾಂಜಾ ಗಿಡ. ಮಣಿಮಣಿಯಾಗಿ ಜೋತುಬಿದ್ದ ಹೂಗಳು, ಬಿರಿದು ವಾರಗಳೇ ಆಗಿದ್ದವು. ಆರು ವರ್ಷ ಊರವರ ತೋಟದಲ್ಲಿ ಅವಳು ಹುಡುಕಿದ ಗಂಡು ಅವಳ ಹಿತ್ತಿಲಿನಲ್ಲೇ ನಿಂತಿತ್ತು.

ಗಾಳಿ ಸ್ವಲ್ಪ ಬೀಸಿತು. ಎರಡೂ ಅಂಗಿಗಳ ಎಡದೋಳುಗಳು ಹೋಗಿ ಹೂವನ್ನು ಸವರಿ ಬಂದವು.

ಅವಳು ಹತ್ತಿರ ಹೋಗಿ ತೋಳನ್ನು ಬೆರಳಿನಿಂದ ಒರೆಸಿದಳು. ಅರಿಶಿನದ ಡಬ್ಬಿ ಮುಟ್ಟಿದ ಹಾಗೆ ಬೆರಳು ಹಳದಿಯಾಯಿತು.

“ನಿಮ್ಮಮ್ಮ ತಲೆವಸ್ತ್ರದ ತುದಿಗೆ ಕಟ್ಟಿಕೊಂಡು ಉಳಿಸಿದ ಬೀಜ ಅದು,” ಹಿಂದಿನಿಂದ ಎಗ್ಬರ್ಟ್ ಹೇಳಿದ. “ಬೆಂಕಿ ಇಟ್ಟ ದಿನ ಓಡಿಹೋಗುವಾಗ. ನನ್ನಜ್ಜನ ಕಾಲದ್ದು. ಎರಡ್ಮೂರು ವರ್ಷಕ್ಕೊಮ್ಮೆ ಮಣ್ಣು ಕಾಣಿಸ್ದಿದ್ರೆ ಸತ್ತುಹೋಗುತ್ತೆ. ಈ ವರ್ಷ ಹಾಕ್ಲೇಬೇಕಿತ್ತು. ಒಂದು ಗಂಡು, ಒಂದು ಹೆಣ್ಣು. ಹೆಣ್ಣು ಅಗೋ, ಬೇಲಿ ಮೂಲೇಲಿ.”

“ಕೆಳಗೆ ತೋಟ ಇರೋದು ನಿಂಗೆ ಗೊತ್ತಿಲ್ವಾ?”

“ಗೊತ್ತಿಲ್ದೇ ಏನು? ಹಗಲೆಲ್ಲಾ ಗಾಳಿ ಸಮುದ್ರದಿಂದ ಮೇಲಕ್ಕೆ ಬೀಸುತ್ತೆ, ರಾತ್ರಿ ಇಬ್ಬನಿಗೆ ನೆನೆದ ಪುಡಿ ಹಾರಲ್ಲ. ನಿಂಗೆ ಹೇಳಿದ್ರೆ ನೀನು ಕೆಲಸದ ನೀತಿ ಅಂತ ಕಡಿದುಹಾಕ್ತಿದ್ದೆ. ಗಾಳಿ ಲೆಕ್ಕ ಹಾಕಿದ್ದೆ ಕಣೇ. ಅಂಗಿ ಲೆಕ್ಕ ಹಾಕ್ಲಿಲ್ಲ.”

ಅವಳು ತೊಗರಿಯ ಸುತ್ತ ಒಂದು ಸುತ್ತು ಬಂದಳು, ಮತ್ತೊಂದು ಸುತ್ತು.

“ಕೂತ್ಕೋ ಮಗಳೇ. ತಲೆ ತಿರುಗುತ್ತೆ ನಂಗೆ.”

“ಪಿನಾಕ್‌ಗೆ ಹೇಳ್ಬೇಕು.”

“ಹೇಳ್ಬೇಡ. ಗಾಳಿ ಮೇಲೆ ಹಾಕು. ಗಾಳಿಗೆ ಕೆಲಸ ಹೋಗಲ್ಲ.”

“ಹೆಪ್ಸಿ ಅತ್ತೆ ಗಿಡ ಹೋಗುತ್ತಲ್ಲ? ಪಕ್ಕದ ಮನೆಯೋರ್ದು ಹೋಗುತ್ತಲ್ಲ? ನಿನ್ನ ಹೆಣ್ಣೂ ಹೋಗುತ್ತೆ. ಕಾಯಿ ಬಲಿಯೋಕೆ ಇನ್ನೂ ಎಷ್ಟು ದಿನ?”

“ಮೂರು ವಾರ.” ಎಗ್ಬರ್ಟ್ ನೆಲ ನೋಡುತ್ತ ಹೇಳಿದ. ಆಮೇಲೆ ಗಂಡು ಗಿಡದ ಕಡೆ ತಿರುಗಿದ. “ಇವನ ಕೆಲಸ ಎಂದೋ ಮುಗೀತು. ಬೇಗ ಕಿತ್ತುಹಾಕ್ಬೇಕಿತ್ತು. ನೋಡೋಕೆ ಚೆಂದ ಇದ್ದ ಅಂತ ಬಿಟ್ಟೆ.”

ಅವನೇ ಕೊಡದಲ್ಲಿ ನೀರು ತಂದ. ಒದ್ದೆಯಾದರೆ ಪುಡಿಗೆ ಜೀವವಿರುವುದಿಲ್ಲ. ಗಿಡದ ತಲೆಯಿಂದ ಬುಡದವರೆಗೆ ಸುರಿದು, ಬೇರುಸಹಿತ ಕಿತ್ತು, ಗುಂಡಿ ತೋಡಿ ಹೂತ. ಡೆಲ್‌ರೋಸ್ ಒಂದು ಅಂಗಿಯನ್ನು ತಂತಿಯಿಂದ ತೆಗೆದು, ಕೊಡವದೆ ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಇನ್ನೊಂದನ್ನು ಬಕೆಟ್ಟಿನಲ್ಲಿ ಮುಳುಗಿಸಿದಳು.

ಮುಂಜಾನೆ ಅಪ್ಪನ ಪದ್ಯ ಶುರುವಾಗುವ ಮೊದಲೇ ಹೊರಟಳು. ಜಗಲಿ ಇಳಿಯುವಾಗ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಮೊದಲ ಚರಣ ತಿರುವಿನವರೆಗೆ ಅವಳ ಜೊತೆ ಬಂತು.

ತೋಟದ ಗೇಟಿನಲ್ಲಿ ನಾಲ್ಕು ಜನ ಕಲ್ಲಿಗೆ ಮಚ್ಚು ಮಸೆಯುತ್ತಿದ್ದರು. ಕ್ಲೋವಿಸ್ ಅವಳನ್ನು ನೋಡಿ, “ಏನ್ ಮಿಸ್ ಡೆಲ್, ನೆಂಟರ ಮನೆಗೆ ಹೊರಟ ಹಾಗೆ ಚೀಲ ಹಿಡ್ಕೊಂಡಿದೀಯ?” ಎಂದ. ಅವಳು ನಿಲ್ಲಲಿಲ್ಲ. ನಿಂತರೆ ಕಾಲು ಹಿಂದಕ್ಕೆ ತಿರುಗೀತೆಂಬ ಹೆದರಿಕೆ ಅವಳಿಗಿತ್ತು. ನೇರವಾಗಿ ಹೋಗಿ ಚೀಲವನ್ನು ಪಿನಾಕ್‌ನ ಮೇಜಿನ ಮೇಲಿಟ್ಟಳು.

“ಗಾಳಿಯಲ್ಲ ಸರ್. ಇದು.”

“ಏನಿದು?”

“ನನ್ನ ಅಂಗಿ. ಬಿಚ್ಚಬೇಡಿ, ಇಲ್ಲಿ ಬಿಚ್ಚಿದ್ರೆ ಮಿಕ್ಕ ಸಾಲೂ ಹಾಳಾಗುತ್ತೆ. ಎಡದೋಳು ನೋಡಿ, ಪ್ಲಾಸ್ಟಿಕ್ ಮೇಲಿಂದ್ಲೇ.”

ಪಿನಾಕ್ ನೋಡಿದ. ಅವಳು ಎಲ್ಲ ಹೇಳಿದಳು. ಗಿಡ, ತಂತಿ, ತೊಗರಿ, ಅಪ್ಪ. ಹೇಳುವಷ್ಟು ಹೊತ್ತೂ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಲೇ ಇದ್ದಳು. ಆಮೇಲೆ ಅವನನ್ನು ಮೂರನೇ ಸಾಲಿಗೆ ಕರೆದುಕೊಂಡು ಹೋಗಿ ತುದಿಯ ಹೂವೊಂದನ್ನು ಬಿಡಿಸಿ ತೋರಿಸಿದಳು, ಶುದ್ಧ. ಮೊಣಕೈಯೆತ್ತರದ್ದನ್ನು ಬಿಡಿಸಿದಳು, ಬೀಜ. ಬಲಗಡೆ ಶುದ್ಧ, ಎಡಗಡೆ ಬೀಜ. ಹನ್ನೆರಡು ಸಾಲುಗಳಲ್ಲೂ ತನ್ನದೇ ತೋಳಿನ ಗುರುತನ್ನು ತಾನೇ ತೋರಿಸುತ್ತ ಹೋದಳು.

ಪಿನಾಕ್ ಬಹಳ ಮೆತ್ತಗೆ ಹೇಳಿದ. “ಆರು ವರ್ಷ ನಾನು ಎಲ್ಲರಿಗೂ ನಿನ್ನ ಹೆಸರು ಹೇಳ್ತಿದ್ದೆ.”

“ಗೊತ್ತು ಸರ್.”

“ಎಡಗಡೆ ನಡುಕೊಂಬೆ ಇವತ್ತೇ ಕತ್ತರಿಸಿ. ಮೇಲಿನ ಹೂ ಉಳಿಯುತ್ತೆ.” ಅವಳು ಬಿಡಿಸಿದ ಹೂವನ್ನು ಜೇಬಿಗೆ ಹಾಕಿಕೊಂಡು ಮುಂದುವರಿಸಿದ. “ಇನ್ಮೇಲೆ ಅಂಗಿ ಇಲ್ಲೇ ಬಿಚ್ಚಿಡ್ಬೇಕು, ಇಲ್ಲೇ ಒಗೀಬೇಕು, ಎಲ್ರದ್ದೂ. ನೀನು ನಡೆಯೋದು ಬೇಡ. ಶೆಡ್ಡಲ್ಲಿ ಕತ್ತರಿ ಹಿಡಿದು ಕೂತ್ಕೋ. ಮುಂದಿನ ಬೆಳೆಗೆ ಏನು ಅಂತ ನಂಗೆ ಈಗ ಹೇಳಕ್ಕಾಗಲ್ಲ.”

“ಬೆಟ್ಟ?”

ಅವನು ಗೇಟಿನ ಕಡೆ ತಿರುಗಿ, ಮಚ್ಚು ಒಳಗಿಡಿ ಎಂದು ಕೈಸನ್ನೆ ಮಾಡಿದ.

ಆ ದಿನವೆಲ್ಲ ಅವಳು ಶೆಡ್ಡಿನ ಬೆಂಚಿನ ಮೇಲೆ ಕೂತು ಹೂವಿನ ಸುತ್ತಲ ಎಲೆ ಕತ್ತರಿಸಿದಳು. ಬೆರಳು ಅಂಟಾದವು, ಬೆನ್ನು ಹಿಡಿಯಿತು. ಮೇಜಿನ ಕೆಳಗೆ ಪಾದಗಳು ಮಾತ್ರ ತಮ್ಮಷ್ಟಕ್ಕೆ ಹೆಜ್ಜೆ ಹಾಕುತ್ತಲೇ ಇದ್ದವು. ಪಕ್ಕದಲ್ಲಿ ಕೂತವಳು, “ಯಾವ ಊರಿಗೆ ಹೊರಟೆ?” ಎಂದು ಕೇಳಿದಳು. ಕಿಟಕಿಯಾಚೆ ಅವಳ ಸಾಲುಗಳಲ್ಲಿ ಕ್ಲೋವಿಸ್ ಭೂತಗನ್ನಡಿ ಹಿಡಿದು, ತುಂಬ ಬೇಗ ಬೇಗ, ನಡೆಯುತ್ತಿದ್ದ.

ಸಂಜೆ ಮನೆಗೆ ಬಂದಾಗ ಬಟ್ಟೆಯ ತಂತಿ ಮನೆಯ ಮುಂದಕ್ಕೆ ಬಂದಿತ್ತು, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಅದರ ಮೇಲೆ ಅವಳ ಒಂದೇ ಒಂದು ಅಂಗಿ.

“ಎಷ್ಟು ದಿನ ಕೂರಿಸ್ತಾನಂತೆ?” ಎಗ್ಬರ್ಟ್ ಕೇಳಿದ.

“ಹೇಳ್ಲಿಲ್ಲ.”

ತಟ್ಟೆ ಹಾಗೇ ಬಿಟ್ಟು ಅವಳು ಹಿತ್ತಿಲಿಗೆ ಹೋದಳು. ದಿನವೆಲ್ಲ ಕೂತಿದ್ದ ಕಾಲುಗಳು ಮತ್ತೆ ಕೂರಲೊಲ್ಲವು. ತೊಗರಿಯ ಸಾಲಿನ ತುದಿಯಲ್ಲಿ ನಿಂತು, ಗಿಡಕ್ಕೊಂದು ಚರಣದಂತೆ ತುಟಿಯಲ್ಲೇ ಪದ್ಯ ಹೇಳಿಕೊಳ್ಳುತ್ತ ನಡೆದಳು. ಎಡಗೈ ತಾನಾಗಿಯೇ ಕೊಂಬೆ ಸರಿಸುತ್ತಿತ್ತು. ಹೊಸ ಮಣ್ಣು ಮುಚ್ಚಿದ ಜಾಗಕ್ಕೆ ಬಂದಾಗ ಚರಣವಿತ್ತು, ಗಿಡವಿರಲಿಲ್ಲ. ಅವಳು ಹಿಂದಕ್ಕೆ ತಿರುಗಿ ಮೊದಲಿನಿಂದ ಶುರುಮಾಡಿದಳು.

“ಅಲ್ಲಿ ಇನ್ನೇನೂ ಇಲ್ಲ ಮಗಳೇ,” ಹಿತ್ತಿಲ ಬಾಗಿಲಿನಿಂದ ಅಪ್ಪ ಹೇಳಿದ.

“ಗೊತ್ತು,” ಎಂದಳು. ಎನ್ನುತ್ತಲೇ ಬಗ್ಗಿ, ಬೇಲಿಮೂಲೆಯ ಹೆಣ್ಣು ಗಿಡದ ಕಾಯಿಗಳನ್ನು, ಬಲಿಯುತ್ತಿವೆಯೇ ಎಂದು, ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡತೊಡಗಿದಳು.