ಮೇಷ್ಟ್ರ ಬಲಗಾಲು

"ಬಿಟ್ಟೆ ಕಣೇ. ನೋಡು, ಆರಿತಾ?"

ಆರಿರಲಿಲ್ಲ. ಕಾರಿನ ಹಿಂದೆ ನಿಂತಿದ್ದ ಮೇಷ್ಟ್ರ ಹೆಂಡತಿಗೆ ಎರಡೂ ಬ್ರೇಕ್ ಲೈಟುಗಳು ಕೆಂಪಗೆ ಉರಿಯುತ್ತಿರುವುದು ಚೆನ್ನಾಗಿಯೇ ಕಾಣುತ್ತಿತ್ತು. ಗಂಟೆ ಇನ್ನೂ ಎಂಟಾಗಿರಲಿಲ್ಲ. ಷೆಡ್ಡಿನ ಒಳಗೋಡೆಯ ಮೇಲೂ ಆ ಕೆಂಪು ತೆಳುವಾಗಿ ಬಿದ್ದಿತ್ತು.

"ಇಲ್ಲಾರೀ, ಉರೀತಾನೇ ಇದೆ."

"ಉರೀತಾನೇ ಇರೋದು ಅಂದ್ರೆ? ಕಾಲು ತೆಗೆದು ಎಷ್ಟು ಹೊತ್ತಾಯ್ತು! ಕನ್ನಡಕ ಎಲ್ಲಿ ನಿಂದು?"

"ಮೂಗಿನ ಮೇಲೇ ಇದೆ."

"ಹಾಗಾದ್ರೆ ಒರೆಸ್ಕೋ."

ಆಕೆ ಒರೆಸಿಕೊಳ್ಳಲಿಲ್ಲ. ಕಾರಿನ ಪಕ್ಕದಲ್ಲಿ ಗೋಡೆಗೆ ಮೈ ಉಜ್ಜಿಕೊಂಡು ಮುಂದಕ್ಕೆ ಬಂದು, ತೆರೆದ ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದಳು. ಮೇಷ್ಟ್ರು ಸ್ಟೇರಿಂಗ್ ಹಿಡಿದು ನೆಟ್ಟಗೆ ಎದುರು ನೋಡುತ್ತಾ ಕೂತಿದ್ದರು. ಅವರ ಬಲಗಾಲು ಬ್ರೇಕ್ ಪೆಡಲ್ ಮೇಲೆಯೇ ಇತ್ತು. ಒತ್ತಿ ಹಿಡಿದಂತೇನೂ ಅಲ್ಲ, ದಿಂಬಿನ ಮೇಲೆ ತಲೆ ಇಟ್ಟ ಹಾಗೆ ಸುಮ್ಮನೆ ಭಾರ ಬಿಟ್ಟುಕೊಂಡು ಬಿದ್ದಿತ್ತು.

"ಕಾಲು ಅಲ್ಲೇ ಇದೆಯಲ್ರೀ."

ಮೇಷ್ಟ್ರು ಕೆಳಗೆ ನೋಡಿದರು. ಯಾರೋ ತಮ್ಮ ಕಾಲನ್ನು ಇಲ್ಲಿ ಮರೆತು ಹೋಗಿದ್ದಾರೇನೋ ಎಂಬಂತೆ ನೋಡಿದರು. ಆಮೇಲೆ ಮಂಡಿಯಿಂದ ಎತ್ತಿ ಅದನ್ನು ಪಕ್ಕಕ್ಕೆ ಇಟ್ಟರು.

"ಸ್ವಿಚ್ ಅಂಟಿಕೊಂಡಿದೆ ಅಷ್ಟೆ," ಅಂದರು. "ಹೋಗ್ತಾ ಮೆಕ್ಯಾನಿಕ್ ಹತ್ರ ತೋರಿಸಿಕೊಂಡು ಹೋಗೋಣ. ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ಇರಬೇಕು. ನೀನು ಬೇಗ ಹೊರಡು."

ಪ್ರತಿ ಭಾನುವಾರ ಬೆಳಿಗ್ಗೆ ಕಾರಿನ ತಪಾಸಣೆ ಆ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ತಪ್ಪಿದ್ದಲ್ಲ. ಟಯರಿನ ಗಾಳಿ, ಸ್ಟೆಪ್ನಿಯ ಗಾಳಿ, ಆಯಿಲ್, ರೇಡಿಯೇಟರ್ ನೀರು, ವೈಪರು, ಕೊನೆಗೆ ದೀಪಗಳು. ದೀಪದ ಹೊತ್ತಿಗೆ ಹೆಂಡತಿಗೆ ಕರೆ ಬರುತ್ತಿತ್ತು. ಆಕೆ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತು ಅವರು ಹೇಳಿದ್ದನ್ನು ಒತ್ತಬೇಕು, ಬಿಡು ಅಂದಾಗ ಬಿಡಬೇಕು. ಆಕೆ ಆ ಸೀಟಿನಲ್ಲಿ ಕೂರುತ್ತಿದ್ದದ್ದು ಅಷ್ಟಕ್ಕೆ ಮಾತ್ರ. ಮೂವತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿ ಅರ್ಧ ಊರಿಗೆ ಕಾರು ಕಲಿಸಿದ ಮನುಷ್ಯ ಹೆಂಡತಿಗೆ ಕಲಿಸಲು ಹೊರಟದ್ದು ಒಂದೇ ಸಲ. ಮೂರನೇ ದಿನ ಇಬ್ಬರೂ ಮಾತು ಬಿಟ್ಟು, ನಾಲ್ಕನೇ ದಿನ ಆಕೆಯೇ, "ನನಗೆ ಕಾರೂ ಬೇಡ, ನಿಮ್ಮ ಬಾಯೂ ಬೇಡ" ಅಂದುಬಿಟ್ಟಿದ್ದಳು. ಅದನ್ನು ಹೇಳಿಕೊಂಡು ಇಬ್ಬರೂ ಎಷ್ಟೋ ವರ್ಷ ನಕ್ಕಿದ್ದರು.

ಈ ಭಾನುವಾರ ಮಾತ್ರ ಮೇಷ್ಟ್ರು, "ಬೆನ್ನು ಹಿಡ್ಕೊಂಡಿದೆ, ನೀನು ಹಿಂದೆ ಹೋಗಿ ನೋಡು, ನಾನು ಕೂತ್ಕೋತೀನಿ" ಅಂದಿದ್ದರು. ಹಿಡಿದುಕೊಂಡಿದ್ದು ಬೆನ್ನಲ್ಲ ಎಂದು ಆಕೆಗೆ ಗೊತ್ತಿತ್ತು. ಸಕ್ಕರೆ ಕಾಯಿಲೆ ಅವರ ಪಾದ ಸೇರಿ ವರ್ಷವಾಗುತ್ತಾ ಬಂದಿತ್ತು. ಎರಡು ತಿಂಗಳ ಹಿಂದೆ ಅಂಗಡಿಗೆ ಹೋದವರು ಒಂದೇ ಚಪ್ಪಲಿಯಲ್ಲಿ ವಾಪಸು ಬಂದಿದ್ದರು. ಇನ್ನೊಂದು ಎಲ್ಲಿ ಕಳಚಿತೆಂದು ಅವರಿಗೇ ತಿಳಿದಿರಲಿಲ್ಲ. ಅಂಗಾಲಿನಲ್ಲಿ ಗಾಜಿನ ಚೂರು ನಾಟಿ ರಕ್ತ ಬಸಿಯುತ್ತಿತ್ತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಇನ್ನು ಗಾಡಿ ಓಡಿಸಕೂಡದು. ಮೇಷ್ಟ್ರು ಅಲ್ಲಿ "ಆಗಲಿ" ಎಂದು ತಲೆಯಾಡಿಸಿ, ಮೆಟ್ಟಿಲಿಳಿಯುವಾಗ ಹೆಂಡತಿಯ ಕೈ ಹಿಡಿದುಕೊಂಡರು. "ಇದು ನಮ್ಮಿಬ್ಬರಲ್ಲೇ ಇರ್ಲಿ. ಮಗಳು ಬಸುರಿ. ಅವಳ ಕಿವಿಗೆ ಬೀಳಬಾರದು. ಆಣೆ ಮಾಡು." ಆಕೆ ಮಾಡಿದಳು. ಎಂಟು ವರ್ಷ ಕಾದು ಬಸುರಾದ ಮಗಳು. ಯಾವ ತಾಯಿ ತಾನೇ ಮಾಡುವುದಿಲ್ಲ?

ಈಗ ಮಗು ಹುಟ್ಟಿ ನಾಲ್ಕು ದಿನ. ಇವತ್ತು ತಾಯಿ ಮಗು ಮನೆಗೆ ಬರಬೇಕು. ಮೇಷ್ಟ್ರು ವಾರದಿಂದ ಕಾರನ್ನೇ ಕಟ್ಟಿಕೊಂಡು ಕೂತಿದ್ದರು. ಮ್ಯಾಟುಗಳನ್ನು ತೊಳೆದು ಒಣಗಿಸಿದ್ದರು. ಹಿಂದಿನ ಸೀಟಿಗೆ ಮಗುವಿನ ಸೀಟು ಕಟ್ಟಿ, ಅದರಲ್ಲಿ ಐದು ಕೆಜಿ ಅಕ್ಕಿಯ ಚೀಲ ಕೂರಿಸಿ, ಬೆಲ್ಟ್ ಬಿಗಿದು, ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದಿದ್ದರು. "ಅಕ್ಕಿ ಅಲ್ಲಾಡಲಿಲ್ಲ" ಎಂದು ಮಗಳಿಗೆ ಫೋನಿನಲ್ಲಿ ವರದಿಯೂ ಹೋಗಿತ್ತು. ಮಗಳು ಆ ಕಡೆಯಿಂದ ನಗುತ್ತಾ, "ನಿಮ್ಮ ಗಾಡಿ ಬಿಟ್ಟು ಬೇರೆ ಯಾರ ಗಾಡಿಯಲ್ಲೂ ನನ್ನ ಮಗಳನ್ನ ಕೂರಿಸಲ್ಲಪ್ಪಾ" ಅಂದಿದ್ದಳು. ಆ ಮಾತು ಕೇಳಿದಾಗ ಮೇಷ್ಟ್ರ ಮುಖ ಅರಳಿದ್ದನ್ನು ಕಂಡು ಆಕೆ ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ನಿಂತುಕೊಂಡಿದ್ದಳು.

ಅವರು ಹೋದಾಗ ಮೆಕ್ಯಾನಿಕ್ ಆಗಷ್ಟೇ ಗ್ಯಾರೇಜ್ ಬಾಗಿಲು ತೆಗೆಯುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಗಡ್ಡಕ್ಕಿಂತ ಮೊದಲು ಗ್ರೀಸ್ ಹತ್ತಿದ ಮುಖ ಎಂದು ಮೇಷ್ಟ್ರು ಅವನನ್ನು ಛೇಡಿಸುತ್ತಿದ್ದರು. ಡ್ರೈವಿಂಗ್ ಕಲಿತದ್ದು ಇವರ ಹತ್ತಿರವೇ.

"ಏನ್ ಮೇಷ್ಟ್ರೇ, ಅಜ್ಜ ಆದ್ರಂತೆ! ಗಾಡಿ ಮದುವಣಗಿತ್ತಿ ಥರ ಮಿಂಚ್ತಾ ಇದೆ."

"ಸ್ವಿಚ್ ನೋಡಯ್ಯಾ ಮೊದಲು. ಲೈಟ್ ಆರ್ತಾ ಇಲ್ಲ."

ಅವನು ಡ್ಯಾಷ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕೈಯಿಂದ ಪೆಡಲ್ ಒತ್ತಿ ಬಿಟ್ಟ. "ಅಮ್ಮಾ, ಹೇಗಿದೆ ಹಿಂದೆ?"

"ಹತ್ತುತ್ತೆ, ಆರುತ್ತೆ," ಅಂದಳು ಆಕೆ.

ಮತ್ತೊಮ್ಮೆ ಒತ್ತಿ ಬಿಟ್ಟ. ಹತ್ತಿತು, ಆರಿತು. "ಸ್ವಿಚ್ ಚೆನ್ನಾಗಿದೆಯಲ್ಲ ಮೇಷ್ಟ್ರೇ?"

"ಚೆನ್ನಾಗಿದ್ರೆ ನಾನ್ಯಾಕೆ ಬರ್ತಿದ್ದೆ? ಬೇರೆ ಹಾಕು."

ಬೇರೆ ಹಾಕಿದ. ಮೇಷ್ಟ್ರು ಸೀಟಿಗೆ ಹತ್ತಿ ಕೂತರು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹಿಂದಕ್ಕೆ ಬಂದು ಆಕೆಯ ಪಕ್ಕದಲ್ಲಿ ನಿಂತ.

"ಒತ್ತಿದೆ!"

"ಹತ್ತಿತು."

"ಬಿಟ್ಟೆ!"

ದೀಪ ಉರಿಯುತ್ತಲೇ ಇತ್ತು. ಮೆಕ್ಯಾನಿಕ್ ಪಕ್ಕಕ್ಕೆ ಬಾಗಿ, ಬಾಗಿಲಿನ ಸಂದಿಯಿಂದ ಮೇಷ್ಟ್ರ ಕಾಲನ್ನು ನೋಡಿದ. ಆಮೇಲೆ ಆಕೆಯ ಮುಖ ನೋಡಿದ. ಆಕೆ ಬೇಡಿಕೊಳ್ಳುವವಳ ಹಾಗೆ ಅವನನ್ನೇ ನೋಡುತ್ತಿದ್ದಳು. ನೀನೊಬ್ಬ ಹೇಳಪ್ಪಾ. ನಾನು ಬಾಯಿ ಕಟ್ಟಿಸಿಕೊಂಡು ಕೂತಿದೀನಿ, ನೀನಾದರೂ ಹೇಳು.

"ಏನಯ್ಯಾ, ಆರಿತಾ?" ಮೇಷ್ಟ್ರ ದನಿಯಲ್ಲಿ ಎಂದೂ ಇಲ್ಲದ ಒಂದು ಎಳೆ ಇತ್ತು.

ಮೆಕ್ಯಾನಿಕ್ಕನ ಪ್ಯಾಂಟು ಆ ಕೆಂಪಿನಲ್ಲಿ ನೆನೆದಂತೆ ಕಾಣುತ್ತಿತ್ತು. "ಆರಿತು ಮೇಷ್ಟ್ರೇ!" ಎಂದು ಕೂಗಿ, ಅವನು ತಲೆ ತಗ್ಗಿಸಿದ.

ಅವರು ಹೊರಡುವಾಗ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಅಂದ: "ಪಕ್ಕದಲ್ಲಿ ನೀವಿರ್ತೀರಲ್ಲಮ್ಮಾ. ಹೇಳ್ತಾ ಇರಿ."

ಏನು ಹೇಳುವುದು? ಗಾಡಿ ಓಡಿಸುವವರನ್ನು ಮಾತಾಡಿಸಕೂಡದು ಎಂಬುದು ಮೇಷ್ಟ್ರ ಕಾನೂನು. ಎಂಜಿನ್ ಶುರುವಾದ ಕೂಡಲೇ ಟಕ್ಕೆಂದು ನಾಲ್ಕೂ ಬಾಗಿಲಿಗೆ ಲಾಕ್ ಬಿತ್ತು. ಮಕ್ಕಳು ಬಾಗಿಲು ತೆಗೆದಾರೆಂದು ಹಾಕಿಸಿದ ಏರ್ಪಾಡು ಅದು. ಮಗಳು ದೊಡ್ಡವಳಾಗಿ, ಮದುವೆಯಾಗಿ, ಈಗ ತಾಯಿಯಾದರೂ ಇನ್ನೂ ಹಾಗೇ ಇತ್ತು. ಆಕೆ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ರಸ್ತೆಯಲ್ಲೇ ಕಣ್ಣಿಟ್ಟಳು. ಹಿಂದೆ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತಿತ್ತು. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ಮಾತು ನಿಲ್ಲಿಸದೆಯೇ ಅದನ್ನು ಒತ್ತುತ್ತಿದ್ದರಂತೆ. ಈ ಕಾರಿನಲ್ಲಿ ಆ ಕಡೆ ಬರೀ ಮ್ಯಾಟು. ಆಕೆಯ ಕಾಲು ಪ್ರತಿ ತಿರುವಿನಲ್ಲೂ ಆ ಮ್ಯಾಟನ್ನು ಒತ್ತುತ್ತಿತ್ತು.

"ಯಾಕೆ ಹಾಗೆ ಬಿಗಿದುಕೊಂಡು ಕೂತಿದೀಯ?"

"ಏನಿಲ್ಲ."

"ನಾನು ಇವತ್ತು ನಿನ್ನೆ ಗಾಡಿ ಓಡಿಸ್ತಿರೋದಾ?"

"ನಾನೇನಾದ್ರೂ ಅಂದ್ನಾ?"

"ಅನ್ನಬೇಕಾ? ನಿನ್ನ ಮುಖ ನೋಡಿದ್ರೆ ಸಾಲ್ದಾ?" ಎಂದು ಆಕೆಯ ಕಡೆ ತಿರುಗಿದರು.

"ರಸ್ತೆ ನೋಡ್ರೀ!"

ನಿಜ ಹೇಳಬೇಕೆಂದರೆ ಅವರು ಚೆನ್ನಾಗಿಯೇ ಓಡಿಸಿದರು. ಮೂವತ್ತು ವರ್ಷದ ಅಭ್ಯಾಸ ಕಣ್ಣಲ್ಲಿತ್ತು, ಕೈಯಲ್ಲಿತ್ತು. ಶಾಲೆಯ ಮುಂದೆ ನಿಧಾನಿಸಿದರು, ಸಿಗ್ನಲ್ಲಿನ ಗೆರೆಗೆ ಸರಿಯಾಗಿ ನಿಲ್ಲಿಸಿದರು. ಆಕೆಗೂ ಒಂದು ಗಳಿಗೆ, ತಾನೇ ಸುಮ್ಮನೆ ಹೆದರುತ್ತಿದ್ದೇನೇನೋ ಅನ್ನಿಸಿತು. ಆಸ್ಪತ್ರೆಯ ಗೇಟಿನೊಳಗೆ ತಿರುಗಿ, ಪಾರ್ಕಿಂಗಿನ ಕಂಬಿಯ ಹತ್ತಿರ ಬಂದು ಅವರು ನಿಲ್ಲಿಸಲು ಹೋದಾಗ ಕಾರು ನಿಲ್ಲಲಿಲ್ಲ. ಎಂಜಿನ್ ಒಮ್ಮೆಗೇ ಅಬ್ಬರಿಸಿ ಕಾರು ಮುಂದಕ್ಕೆ ಹಾರಿತು. ಕಂಬಿಯ ಆಚೆ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸನ್ನು ತಳ್ಳಿಕೊಂಡು ಹೋಗುತ್ತಿದ್ದ ಆಯಾ ಕಿರುಚಿದಳು. ಮೇಷ್ಟ್ರ ಕೈ ತಾನಾಗಿಯೇ ಹ್ಯಾಂಡ್ ಬ್ರೇಕನ್ನು ಎಳೆಯಿತು. ಕಾರು ಗಕ್ಕನೆ ಕುಸಿದ ಹಾಗೆ ನಿಂತಿತು. ಕಂಬಿಗೂ ಬಾನೆಟ್ಟಿಗೂ ನಡುವೆ ಒಂದು ಗೇಣು ಜಾಗವಿತ್ತು.

ಆಕೆ ಹಿಂದೆ ತಿರುಗಿ ನೋಡಿದಳು. ಮಗುವಿನ ಸೀಟು ಬಿಗಿದಲ್ಲೇ ಇತ್ತು, ಖಾಲಿ.

"ನೆಲ ಒದ್ದೆ ಇದೆ," ಅಂದರು ಮೇಷ್ಟ್ರು.

ಸುತ್ತಮುತ್ತ ಎಲ್ಲೂ ಒಂದು ಹನಿ ನೀರಿರಲಿಲ್ಲ.

ಮಗಳು ಬಾಗಿಲ ಹೊರಗಿನ ನೆರಳಿನಲ್ಲಿ ಕಾದಿದ್ದಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಮೂಗು ಮಾತ್ರ ಕಾಣುವ ಹಾಗೆ ಎದೆಗೆ ಹಿಡಿದಿದ್ದಳು. ಅಳಿಯ ಎರಡು ಕೈಗೂ ಚೀಲ ನೇತುಹಾಕಿಕೊಂಡು, "ಮಾವ, ಟೈಮ್ ಅಂದ್ರೆ ಟೈಮ್!" ಎಂದು ನಕ್ಕ. ಮೇಷ್ಟ್ರು ಮೊಮ್ಮಗಳ ಮೂಗಿನ ಹತ್ತಿರ ಬೆರಳು ತಂದು, ಮುಟ್ಟದೆ ಹಿಂದಕ್ಕೆ ತೆಗೆದರು. "ಬನ್ನಿ ಬನ್ನಿ. ಬಿಸಿಲು ಏರೋಕ್ಕೆ ಮುಂಚೆ ಹೋಗೋಣ. ಗಾಡಿ ಇಲ್ಲಿಗೇ ತರ್ತೀನಿ."

ಅವರು ತಿರುಗಿ ಎರಡು ಹೆಜ್ಜೆ ಇಟ್ಟರು. ಬಲಗಾಲು ನೆಲವನ್ನು ಹುಡುಕಿಕೊಂಡು ಊರಿದ ಹಾಗಿತ್ತು.

ಹೇಳಿದರೆ ಮೂವತ್ತು ವರ್ಷದ ಮೇಷ್ಟ್ರನ್ನು ಅಳಿಯನ ಎದುರು ನೆಲಕ್ಕೆ ಕೆಡವಿದ ಹಾಗೆ. ಹೇಳದೆ ಹೋದರೆ ಆ ಮೂಗಷ್ಟೇ ಕಾಣುವ ಜೀವ ಹಿಂದಿನ ಸೀಟಿನಲ್ಲಿ. ಎತ್ತ ತಿರುಗಿದರೂ ಗೋಡೆ. ಆಕೆ ಸೆರಗನ್ನು ಹಿಂಡಿದಳು, ಬಿಟ್ಟಳು. ಕೊನೆಗೆ ಬಾಯಿಗೆ ಬಂದದ್ದು ತಾನು ಯೋಚಿಸಿಯೇ ಇರದ ಮಾತು.

"ಗಾಡಿ ಬೇಡ. ಬ್ರೇಕ್ ಸರಿಯಿಲ್ಲ."

ಮೇಷ್ಟ್ರು ನಿಂತುಬಿಟ್ಟರು.

"ಅಪ್ಪನ ಗಾಡಿ ಬ್ರೇಕಾ?" ಮಗಳು ನಕ್ಕಳು. "ಏನಮ್ಮಾ ನೀನು! ಇದನ್ನ ಕೇಳಿ ಅಪ್ಪ ಊಟ ಬಿಡ್ತಾರೆ ಅಷ್ಟೆ."

"ಮಾವನ ಗಾಡಿಗಾ ಅತ್ತೆ?" ಎಂದ ಅಳಿಯ. "ನಮ್ಮ ಆಫೀಸಲ್ಲಿ ಮಾವನ ಗಾಡೀನ ಉದಾಹರಣೆ ಕೊಡ್ತೀವಿ ನಾವು."

"ಸರಿಯಿಲ್ಲ ಅಂದ್ನಲ್ಲ. ಬೆಳಿಗ್ಗೆ ಮೆಕ್ಯಾನಿಕ್ ಹತ್ರ ತೋರಿಸಿಕೊಂಡೇ ಬಂದ್ವಿ. ಈಗ ಪಾರ್ಕಿಂಗಲ್ಲೂ ನಿಲ್ಲಲಿಲ್ಲ. ಬೇಕಿದ್ರೆ ಅವರನ್ನೇ ಕೇಳಿ."

ಮೂವರೂ ಮೇಷ್ಟ್ರನ್ನು ನೋಡಿದರು. ಆ ಕಾರಿನ ಮೇಲೆ ಇಷ್ಟು ವರ್ಷದಲ್ಲಿ ಯಾರೂ ಒಂದು ಮಾತು ಆಡಿದವರಿಲ್ಲ, ಆಡಿದ್ದರೆ ಅವರು ಕೇಳಿಕೊಂಡು ಸುಮ್ಮನಿರುತ್ತಲೂ ಇರಲಿಲ್ಲ. ಅವರು ಹೆಂಡತಿಯನ್ನು ದುರುಗುಟ್ಟಿಕೊಂಡು ನೋಡಿದರು. ಆಕೆಯೂ ಕಣ್ಣು ತಗ್ಗಿಸಲಿಲ್ಲ. ಮಗು ಬಟ್ಟೆಯೊಳಗೆ ಒಮ್ಮೆ ಸೀನಿತು. ಅಷ್ಟು ಸಣ್ಣ ಸೀನು.

"ಹೂಂ," ಅಂದರು ಮೇಷ್ಟ್ರು. ಮತ್ತೆ ಅಂದರು, "ಹೌದು. ಸರಿಯಿಲ್ಲ. ಟ್ಯಾಕ್ಸಿ ಕರೀರಿ."

ಟ್ಯಾಕ್ಸಿ ಬಂತು. ಮೇಷ್ಟ್ರು ತಮ್ಮ ಕಾರಿನಿಂದ ಮಗುವಿನ ಸೀಟು ಬಿಚ್ಚಿ ತಂದು, ಟ್ಯಾಕ್ಸಿಯ ಹಿಂದೆ ತಾವೇ ಕಟ್ಟಿದರು. ಮೂರು ಸಲ ಎಳೆದು ನೋಡಿದರು. ಅದೂ ಸಾಲದೆ ಟ್ಯಾಕ್ಸಿಯ ನಾಲ್ಕು ಟಯರಿಗೂ ಒಂದೊಂದು ಸುತ್ತು ಬಂದರು. "ನಲವತ್ತರ ಮೇಲೆ ಹೋಗಬೇಡಪ್ಪ," ಎಂದು ಡ್ರೈವರನಿಗೆ ಹೇಳಿದರು.

"ಆಯ್ತು ಯಜಮಾನ್ರೇ," ಅಂದ ಅವನು. ಅವನಿಗೆ ಇವರ ಪರಿಚಯ ಇರಲಿಲ್ಲ.

"ನೀವಿಬ್ರೂ ಬನ್ನಿ, ಜಾಗ ಆಗುತ್ತೆ," ಎಂದಳು ಮಗಳು.

"ಗಾಡಿ ಬಿಟ್ಟು ಬರೋಕಾಗುತ್ತಾ? ನೀವು ನಡೀರಿ," ಅಂದಳು ತಾಯಿ.

ಟ್ಯಾಕ್ಸಿ ಗೇಟು ದಾಟಿತು. ಮೇಷ್ಟ್ರು ಪಾರ್ಕಿಂಗಿಗೆ ಹೋಗಿ, ಬೇರೆಲ್ಲಿ ಕೂರಬೇಕೆಂದು ತಿಳಿಯದವರಂತೆ ಡ್ರೈವರ್ ಸೀಟಿನಲ್ಲೇ ಕೂತರು. ಆಕೆ ಪಕ್ಕದಲ್ಲಿ ಕೂತಳು. ಕೀ ಅವರ ಕೈಯಲ್ಲೇ ಇತ್ತು. ಗಾಜು ಏರಿಸಿದ್ದರಿಂದ ಒಳಗೆ ಸೆಕೆ. ಇಬ್ಬರಲ್ಲಿ ಒಬ್ಬರಿಗೆ ಓಡಿಸಲು ಬಾರದು, ಒಬ್ಬರು ಓಡಿಸಕೂಡದು. ಎರಡು ಕಡೆಯೂ ಬೇರೆ ಕಾರುಗಳು ಒತ್ತಿಕೊಂಡು ನಿಂತಿದ್ದವು.

"ನನ್ನ ಗಾಡಿ ಬ್ರೇಕ್ ಸರಿಯಿಲ್ಲ ಅಂದುಬಿಟ್ಟೆಯಲ್ಲೇ," ಅಂದರು ಮೇಷ್ಟ್ರು. ದನಿಯಲ್ಲಿ ಕೋಪವಿರಲಿಲ್ಲ.

"ಅಂದೆ."

"ಅದಕ್ಕಿಂತ ನನ್ನ ಮೇಲೇ ಹೇಳಬಹುದಿತ್ತು."

"ಆಣೆ ಮಾಡಿಸಿಕೊಂಡಿದ್ದು ಯಾರು?"

ಪಾರ್ಕಿಂಗ್ ಕಾಯುವವನು ಬಂದು ಗಾಜು ತಟ್ಟಿದ. "ಹೊರಡ್ತೀರಾ ಸಾರ್? ಹಿಂದೆ ಒಬ್ರು ಜಾಗಕ್ಕೆ ಕಾಯ್ತಿದ್ದಾರೆ."

"ಸ್ವಲ್ಪ ತಾಳಪ್ಪ," ಎಂದಳು ಆಕೆ. ಆಮೇಲೆ ಗಂಡನ ಕಡೆ ತಿರುಗಿ, "ಕಾಲು ಕೊಡಿ ಇಲ್ಲಿ," ಅಂದಳು.

"ಏನು?"

"ಬಲಗಾಲು. ಈ ಕಡೆ ಕೊಡಿ."

ಯಾರಾದರೂ ನೋಡಿಯಾರೆಂದು ಮೇಷ್ಟ್ರು ಆಚೀಚೆ ನೋಡಿದರು. ಬಾಗಿಲಿಗೆ ಬೆನ್ನು ಕೊಟ್ಟು, ಗೇರಿನ ಮೇಲಿಂದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಆಕೆಯ ತೊಡೆಯ ಮೇಲಿಟ್ಟರು. ಆಕೆ ಚಪ್ಪಲಿ ಬಿಚ್ಚಿದಳು. ಹೆಬ್ಬೆರಳನ್ನು ಹಿಡಿದು ಹಿಂಡಿದಳು.

"ಇಲ್ಲಿ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಇಲ್ಲ.

ಪಾದದ ನಡುವೆ ಒತ್ತಿದಳು. ಇಲ್ಲ. ಹಿಮ್ಮಡಿ. ಇಲ್ಲ. ಹರಡಿನ ಗಂಟನ್ನು ಉಗುರಿನಿಂದ ಚುಚ್ಚಿದಳು. ಅವರು ಸ್ವಲ್ಪ ಹೊತ್ತು ಕಾದು, "ಇನ್ನೂ ಮೇಲೆ," ಅಂದರು. ಆಕೆಯ ಬೆರಳುಗಳು ಒಂದೊಂದೇ ಅಂಗುಲ ಮೇಲಕ್ಕೆ ಹೋದವು.

ಹಿಂದೆ ಕಾಯುತ್ತಿದ್ದವನು ಒಂದು ಸಲ ಹಾರ್ನ್ ಮಾಡಿದ. ಆಮೇಲೆ ಅವನೂ ಎಂಜಿನ್ ಆರಿಸಿದ.